ಕಾಗೆ ಆಯದ ಬುನಾದಿ

ಇಂಜಿನಿಯರ್ ಅರುಣಕುಮಾರ್ ಟೇಪಿನ ಒಂದು ತುದಿಯನ್ನು ಅನ್ನದಾನಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ಎಳೆದುಕೊಂಡು ಬುನಾದಿಯ ಮೂಲೆಯಿಂದ ಮೂಲೆಗೆ ನಡೆದ. ಬಗ್ಗಿ ನೋಡಿದ. ಪ್ಲಾನಿನ ಕಾಗದ ಬಿಚ್ಚಿ ಅದನ್ನೂ ನೋಡಿದ. ಆಮೇಲೆ ಕ್ಯಾಮೆರಾ ಹೊರಗೆ ತೆಗೆಯದೆಯೇ ಬ್ಯಾಗಿನ ಜಿಪ್ಪು ಎಳೆದುಬಿಟ್ಟ.

ಆ ಜಿಪ್ಪಿನ ಸದ್ದಿಗೇ ಅನ್ನದಾನಮ್ಮ ಟೇಪಿನ ತುದಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಬುನಾದಿಯ ಫೋಟೋ ಮೇಲಿನ ಕಚೇರಿಗೆ ಹೋದರೆ ಮಾತ್ರ ಸರ್ಕಾರದ ಮನೆ ಸಾಲದ ಎರಡನೇ ಕಂತು ಬರುವುದು. ಆ ಒಂದು ಫೋಟೋಗಾಗಿ ಅವಳು ನಲವತ್ತೆರಡು ದಿನ ಈ ಮನುಷ್ಯನ ದಾರಿ ಕಾದಿದ್ದಳು. ಇವತ್ತು ಬರುತ್ತಾರೆ ಎಂದಾಗಲೆಲ್ಲ ಒಳ್ಳೆಯ ಸೀರೆ ಉಟ್ಟು ಕಲ್ಲಿನ ಮೇಲೆ ಕೂತಿದ್ದಳು.

"ಅಮ್ಮಾ, ಇದು ಪ್ಲಾನ್ ಪ್ರಕಾರ ಇಲ್ಲಲ್ರಿ" ಎಂದ ಅರುಣಕುಮಾರ್. "ಮುಂಭಾಗ ಹನ್ನೆರಡಡಿ ಇರಬೇಕು, ಹದಿಮೂರೂವರಿ ಐತಿ. ಉದ್ದ ಹದಿನೆಂಟು ಇರಬೇಕು, ಹದಿನಾರೂವರಿ ಐತಿ. ನಾ ಏನಂತ ಬರೀಲಿ?"

"ಇದ್ದದ್ದು ಇದ್ದಂಗ ಬರೀರಿ ಸಾಹೇಬ್ರ. ಅಲ್ಲಿ ಕಮ್ಮಿ ಆಗಿದ್ದು ಇಲ್ಲಿ ಜಾಸ್ತಿ ಆಗೈತಿ. ಜಾಗ ನಂದು. ಯಾರ ಜಾಗಾನೂ ಒತ್ತಿಲ್ಲ."

"ಜಾಗ ನಿಮ್ಮದಾ. ಪ್ಲಾನ್ ಸರ್ಕಾರದ್ದು. ಮಾರ್ಚ್ ಮೂವತ್ತೊಂದರೊಳಗ ಸರಿ ಮಾಡಿಸಿ ಹೇಳಿ ಕಳಸ್ರಿ, ಬಂದು ಫೋಟೋ ಹೊಡಕೊಂಡು ಹೋಗ್ತೀನಿ. ಇಲ್ಲಾಂದ್ರ ಮಂಜೂರಾತಿ ರದ್ದಾಗತೈತಿ. ನನ್ನ ಕೈಯಾಗ ಏನೂ ಇಲ್ರಿ."

ಅವನು ಗಾಡಿ ಹತ್ತಿ ಕಾನಹೊಸಹಳ್ಳಿಯ ಕಡೆ ಧೂಳೆಬ್ಬಿಸಿಕೊಂಡು ಹೋದ. 2003ನೇ ಇಸವಿಯ ಮಾರ್ಚ್ ಹನ್ನೊಂದು ಅವತ್ತು.

ಅನ್ನದಾನಮ್ಮ ಸೂರವ್ವನಹಳ್ಳಿಯ ಅಂಗನವಾಡಿಯಲ್ಲಿ ಸಹಾಯಕಿ. ಬೆಳಿಗ್ಗೆ ಮಕ್ಕಳನ್ನು ಮನೆಮನೆಯಿಂದ ಕರೆದು ತರುವುದು, ಮೂಗು ಒರೆಸುವುದು, ಉಪ್ಪಿಟ್ಟು ಕಲಸುವುದು, ಮಧ್ಯಾಹ್ನ ಒಬ್ಬೊಬ್ಬರನ್ನೇ ತಿರುಗಿ ಮನೆ ಮುಟ್ಟಿಸುವುದು. ಊರಿನ ಯಾವ ಮನೆಯ ಬಾಗಿಲು ಎತ್ತ ತೆರೆಯುತ್ತದೆ, ಯಾವ ಮನೆಯ ಮಾಳಿಗೆ ಎಲ್ಲಿ ಸೋರುತ್ತದೆ ಎಂಬುದು ಅವಳಿಗೆ ಬಾಯಿಪಾಠ. ವಯಸ್ಸು ನಲವತ್ತಮೂರು. ಇಪ್ಪತ್ತನಾಲ್ಕಕ್ಕೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ನಾಗಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ನಾಗಕ್ಕ ಕೆಟ್ಟವಳಲ್ಲ, ಆದರೆ ಮಗನ ಮದುವೆ ಗೊತ್ತಾಗಿತ್ತು. ಯುಗಾದಿ ಕಳೆದು ತಿಂಗಳೊಳಗೆ ಕೋಣೆ ಬಿಡಬೇಕೆಂದು ಹೇಳಿ ಆಗಿತ್ತು. ಅನ್ನದಾನಮ್ಮನ ಲೆಕ್ಕ ಇಷ್ಟೇ: ಎರಡನೇ ಕಂತು ಬಂದು ಗೋಡೆ ಆಳೆತ್ತರ ಎದ್ದರೆ ಸಾಕು, ಮೇಲೆ ತಗಡು ಹೊದಿಸಿಕೊಂಡಾದರೂ ತನ್ನ ಜಾಗದಲ್ಲಿ ಇದ್ದುಬಿಡುವುದು.

ಜಾಗ ಅವಳದೇ. ತಾಯಿ ಓಬಮ್ಮ ಕುರಿ ಕೂಡಿಹಾಕುತ್ತಿದ್ದ ರೊಪ್ಪದ ಜಾಗ. ಸಾಯುವ ಮುಂಚೆ ಆ ಹಣ್ಣುಹಣ್ಣು ಮುದುಕಿ ಬಸ್ಸು ಹತ್ತಿ ನೋಂದಣಿ ಕಚೇರಿಗೆ ಹೋಗಿ, ಗಂಡುಮಕ್ಕಳು ಮುಖ ಗಂಟಿಕ್ಕಿಕೊಂಡರೂ ಲೆಕ್ಕಿಸದೆ, ಹೆಬ್ಬೆಟ್ಟು ಒತ್ತಿ ಮಗಳ ಹೆಸರಿಗೆ ಮಾಡಿಟ್ಟಿದ್ದಳು.

ಜಾಗ ಇದ್ದವರಿಗೆ ಸಾಲ ಸುಲಭ ಎಂದು ಹೇಳಿದವನು ಯಾರೋ, ಅವನ ಬಾಯಿಗೆ ಸಕ್ಕರೆ ಹಾಕಬೇಕು! ಅನ್ನದಾನಮ್ಮ ಆ ಸುಲಭದ ಬೆನ್ನು ಹತ್ತಿ ಎರಡು ವರ್ಷ ಚಪ್ಪಲಿ ಸವೆಸಿದಳು. ಎಲ್ಲ ಕಾಗದಕ್ಕಿಂತ ಅವಳ ತಲೆ ಕೆಡಿಸಿದ್ದು, ತನಗೆ ಬೇರೆ ಮನೆ ಇಲ್ಲ ಎಂಬ ದೃಢೀಕರಣ ಪತ್ರ. ಅದನ್ನು ಕೇಳಲು ತಾಲ್ಲೂಕು ಕಚೇರಿಗೆ ಹೋದರೆ ಕಿಟಕಿಯೊಳಗಿನ ಗುಮಾಸ್ತ ತಲೆ ಎತ್ತದೆ, "ಮನಿ ಕಂದಾಯ ಕಟ್ಟಿದ ರಸೀದಿ ತಗೊಂಬರ್ರಿ" ಎಂದ.

"ಮನೀನ ಇಲ್ಲಲ್ರಿ ಸ್ವಾಮಿ, ಕಂದಾಯ ಎಲ್ಲಿಂದ ಕಟ್ಟಲಿ?"

"ರಸೀದಿ ಇಲ್ದ ದೃಢೀಕರಣ ಕೊಡಾಕ ಬರಂಗಿಲ್ಲ."

"ಮನಿ ಇದ್ರ ನಾ ನಿಮ್ಮ ಹತ್ರ ಯಾಕ ಬರ್ತಿದ್ದೆ?"

"ಅದಕ್ಕ ರಸೀದಿ ತರ್ರಿ ಅನ್ನಾದು."

ಇಂಥವರ ಜೊತೆ ಏನು ಮಾತಾಡುವುದು? ಅನ್ನದಾನಮ್ಮ ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು ಗಟ್ಟಿಯಾಗಿ ಅತ್ತಳು. ಕೊನೆಗೆ ಊರಿನ ಪಂಚಾಯಿತಿ ಕಾರ್ಯದರ್ಶಿ ವೀರಭದ್ರಯ್ಯನವರು ನಾಗಕ್ಕನ ಮನೆಯ ರಸೀದಿ ಇಸಿದುಕೊಂಡು, ಈಕೆ ಇದೇ ಮನೆಯಲ್ಲಿ ಬಾಡಿಗೆಗೆ ಇರುವವಳು ಎಂದು ಕಾಗದ ಬರೆದುಕೊಟ್ಟರು. ಇಲ್ಲದ ಮನೆ ಇಲ್ಲವೆಂದು ಅಂತೂ ರುಜುವಾತಾಯಿತು. ಪಟ್ಟಿಯಲ್ಲಿ ಹೆಸರು ಬಂತು, ಮೊದಲ ಕಂತೂ ಬಂತು. ಕಾರ್ಯದರ್ಶಿಗಳು ಪ್ಲಾನಿನ ಕಾಗದ ಕೈಗೆ ಕೊಟ್ಟು, "ಇದರಂಗ ಕಟ್ಟಿಸವಾ" ಎಂದರು.

ತಪ್ಪು ಆಗಿದ್ದು ಅಲ್ಲಿಂದ ಮುಂದೆ. ಆದರೆ ಅದನ್ನು ತಪ್ಪು ಎನ್ನಲು ಆ ಊರಿನಲ್ಲಿ ಒಬ್ಬರೂ ಸಿಗುವುದಿಲ್ಲ.

ಅನ್ನದಾನಮ್ಮ ಆ ಕಾಗದವನ್ನು ಗೌಂಡಿ ಪಕ್ಕೀರಪ್ಪನ ಕೈಗೆ ಕೊಟ್ಟಳು. ಸುತ್ತ ಹತ್ತು ಹಳ್ಳಿಗಳಲ್ಲಿ ಅವನ ಕೈಯಿಂದ ಎದ್ದ ಮನೆಗಳೇ ಹೆಚ್ಚು. ಈ ಸೀಮೆಯಲ್ಲಿ ಆಯ ನೋಡದೆ ಯಾರೂ ಗುದ್ದಲಿ ಹಾಕಿಸುವುದಿಲ್ಲ. ಮನೆ ಯಜಮಾನನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಉದ್ದ ಎಷ್ಟು ಮೊಳ, ಅಗಲ ಎಷ್ಟು ಮೊಳ ಎಂದು ಗುಣಿಸಿ, ಬಂದದ್ದನ್ನು ಎಂಟರಿಂದ ಭಾಗಿಸಬೇಕು. ಉಳಿದದ್ದೇ ಆ ಮನೆಯ ಆಯ. ಮೂರು ಉಳಿದರೆ ಸಿಂಹ, ಐದಾದರೆ ಬಸವ, ಏಳಾದರೆ ಆನೆ. ಇವೆಲ್ಲ ಒಳ್ಳೆಯವು. ಏನೂ ಉಳಿಯದಿದ್ದರೆ ಕಾಗೆ. ಕಾಗೆ ಆಯದ ಮನೆಯಲ್ಲಿ ಮಂದಿ ನೆಲೆ ನಿಲ್ಲುವುದಿಲ್ಲ, ಚದುರಿಹೋಗುತ್ತಾರೆ ಎನ್ನುವುದು ನಂಬಿಕೆ.

"ಯಾರ ಮೊಳ ಹಿಡೀಲಿ? ನಿಮ್ಮ ಅಣ್ಣನ್ನ ಕರಸ್ತೀಯೇನು?" ಎಂದು ಪಕ್ಕೀರಪ್ಪ ಕೇಳಿದ.

"ಅವ್ನ್ಯಾಕ? ಕಾಗದ ನನ್ನ ಹೆಸರಿಗೈತಿ. ಕೈ ನಂದಾ ಹಿಡಿ."

ಹೆಂಗಸಿನ ಮೊಳದ ಮೇಲೆ ಪಕ್ಕೀರಪ್ಪ ಅದುವರೆಗೆ ಮನೆ ಕಟ್ಟಿರಲಿಲ್ಲ, ಅವನಪ್ಪನೂ ಕಟ್ಟಿರಲಿಲ್ಲ. ಆದರೂ ನಕ್ಕು, ದಾರವನ್ನು ಅವಳ ಮೊಣಕೈಗೆ ಒತ್ತಿ ಹಿಡಿದು ಬೆರಳ ತುದಿಯವರೆಗೆ ಎಳೆದ. ಬರೋಬ್ಬರಿ ಒಂದೂವರೆ ಅಡಿ. ನೋಡಲು ನೆರೆದಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಕೈ ಚಾಚಿ ನೋಡಿಕೊಂಡರು. ಅನ್ನದಾನಮ್ಮನಿಗೆ ಆ ದಿನ ಎಷ್ಟು ಸಂತೋಷವಾಯಿತೆಂದರೆ, ಬಳೆ ಹಿಂದೆ ಸರಿಸಿ ಕೈ ಹಾಗೇ ಚಾಚಿಕೊಂಡು ಬಹಳ ಹೊತ್ತು ಕೂತಿದ್ದಳು.

ಪಕ್ಕೀರಪ್ಪ ಲೆಕ್ಕ ಹಾಕಿದ. ಸರ್ಕಾರದ ಹನ್ನೆರಡು ಅಡಿ ಎಂದರೆ ಎಂಟು ಮೊಳ, ಹದಿನೆಂಟು ಅಡಿ ಎಂದರೆ ಹನ್ನೆರಡು ಮೊಳ. ಗುಣಿಸಿದರೆ ತೊಂಬತ್ತಾರು. ಎಂಟರಿಂದ ಭಾಗಿಸಿದರೆ ಪೂರ್ತಿ ಹೋಯಿತು, ಏನೂ ಉಳಿಯಲಿಲ್ಲ. "ಥೂ, ಕಾಗಿ" ಎಂದ. ಅಗಲಕ್ಕೆ ಒಂದು ಮೊಳ ಕೂಡಿಸಿದ, ಉದ್ದಕ್ಕೆ ಒಂದು ಮೊಳ ಕಳೆದ. ಒಂಬತ್ತು ಹನ್ನೊಂದಲೆ ತೊಂಬತ್ತೊಂಬತ್ತು. ಮೂರು ಉಳಿಯಿತು. "ಸಿಂಹದ ಆಯ ಬಂತು ನೋಡವಾ!" ಎಂದು ತೊಡೆ ತಟ್ಟಿಕೊಂಡ. ಮನೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ಕಲ್ಲೂ ಅಷ್ಟೇ. ಇದರಿಂದ ಯಾರ ಗಂಟಾದರೂ ಹೋಗುತ್ತದೆ ಎಂದು ಇಬ್ಬರಿಗೂ ಅನಿಸಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟು ಪಕ್ಕೀರಪ್ಪ ದಾರ ಕಟ್ಟಿದ.

ಈಗ ಅರುಣಕುಮಾರ್ ಹೋದ ಮೇಲೆ ಅನ್ನದಾನಮ್ಮ ನೇರ ಪಂಚಾಯಿತಿಗೆ ಹೋದಳು. ವೀರಭದ್ರಯ್ಯನವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಮೊದಲಾ ಹೇಳಿದ್ನಲ್ಲವಾ, ಇದರಂಗ ಕಟ್ಟಿಸು ಅಂತ."

"ಹೇಳಿದ್ರಿ. ಒಂದು ಮೊಳ ಅತ್ಲಾಗ ಇತ್ಲಾಗ ಆದ್ರ ಎಲ್ಲಾ ಹೋಗತೈತಿ ಅಂತ ಹೇಳಿದ್ರೇನು? ನಿಮ್ಮ ಮನೀನೂ ಪಕ್ಕೀರಪ್ಪನಾ ಕಟ್ಟಿದ್ದು. ನೀವು ಆಯ ನೋಡಸಲಿಲ್ಲೇನು?"

ವೀರಭದ್ರಯ್ಯನವರು ಕನ್ನಡಕ ಮತ್ತೆ ಏರಿಸಿಕೊಂಡರು. ಅವರ ಮನೆಯದು ಬಸವನ ಆಯ. ಅವರು ಅದನ್ನು ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ್ದರು, ಯಾರೂ ಟೇಪು ಹಿಡಿದು ಬಂದಿರಲಿಲ್ಲ. ಕೊನೆಗೆ ಇಷ್ಟೆಂದರು: "ಮ್ಯಾಲಿನವ್ರಿಗೆ ಒಂದು ಅರ್ಜಿ ಬರಕೊಡ್ತೀನಿ. ತಗೊಂಡು ಹೋಗು."

ಅವಳು ತಾಲ್ಲೂಕಿನ ಕಚೇರಿಗೆ ಹೋದಳು. ಒಂದು ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಇನ್ನೊಂದು ಸಲ ಸಾಹೇಬರಿದ್ದರು, ಫೈಲು ಇರಲಿಲ್ಲ. ಮೂರನೆಯ ಸಲ ಸಾಹೇಬರೂ ಇದ್ದರು, ಫೈಲೂ ಇತ್ತು. ಸಾಹೇಬರು ಅರ್ಜಿಯನ್ನು ಪೂರ್ತಿ ಓದಿ, "ಆಯ ಅಂತ ಯಾವ ನಿಯಮದಾಗೂ ಇಲ್ಲಮ್ಮ" ಎಂದು ತಿರುಗಿ ಕೊಟ್ಟರು. ಪ್ರತಿ ಸಲವೂ ಒಂದು ದಿನದ ರಜೆ, ಮಧ್ಯಾಹ್ನದ ಬಿಸಿಲು, ನಿಂತುಕೊಂಡೇ ಬರುವ ಬಸ್ಸು. ಮೂರನೆಯ ದಿನ ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಾಹೇಬರ ಮೇಲೆ, ಪಕ್ಕೀರಪ್ಪನ ಮೇಲೆ, ಎಲ್ಲರಿಗಿಂತ ಹೆಚ್ಚು ತನ್ನ ಮೇಲೆ. ದಾರದ ಮುಂದೆ ಕೈ ಚಾಚಿಕೊಂಡು ಕೂತವಳು ತಾನೇ ಅಲ್ಲವೇ!

ಮಾರ್ಚ್ ಇಪ್ಪತ್ತೈದಕ್ಕೆ ಅವಳು ಪಕ್ಕೀರಪ್ಪನ ಮನೆಯ ಮುಂದೆ ನಿಂತಳು.

"ಪಕ್ಕದ ಸಾಲು ಕಿತ್ತು ಒಂದು ಮೊಳ ಒಳಗ ಹಾಕು. ಹಿಂದಿನ ಸಾಲು ಒಂದು ಮೊಳ ಹೊರಗ ಹಾಕು."

ಪಕ್ಕೀರಪ್ಪ ಎದ್ದೇ ನಿಂತ. "ನಿನಗೇನು ತಲಿ ಕೆಟ್ಟೈತೇನು? ಗೊತ್ತಿದ್ದೂ ಗೊತ್ತಿದ್ದೂ ಕಾಗಿ ಆಯಕ್ಕ ನಾ ಕೈ ಹಚ್ಚಂಗಿಲ್ಲ. ನಾಳಿಗೆ ನಿನಗೇನರ ಆದ್ರ ಊರು ನನ್ನ ಬೈತೈತಿ."

"ನೀ ಹಚ್ಚದಿದ್ರ ಬಿಡು. ಹಾರಿ ಕೊಡು."

ಕೇಳಿದ ಮೇಲೆ ಕೊಡದೆ ಇರಲಾಗದೆ ಕೊಟ್ಟ. ಅನ್ನದಾನಮ್ಮ ಹಾರೆ ಹೊತ್ತುಕೊಂಡು ಹೋಗಿ, ಸೀರೆ ಎತ್ತಿ ಕಟ್ಟಿ, ಪಕ್ಕದ ಸಾಲಿನ ಮೂಲೆಯ ಕಲ್ಲಿಗೆ ಹಾರೆ ಕೊಟ್ಟು ಮೀಟಿದಳು. ಕಲ್ಲು ಜಪ್ಪಯ್ಯ ಎನ್ನಲಿಲ್ಲ. ಇನ್ನೊಮ್ಮೆ ಮೀಟಿದಳು. ಹಿಂದೆಯೇ ಬಂದಿದ್ದ ಪಕ್ಕೀರಪ್ಪ ರಸ್ತೆಯಲ್ಲೇ ನಿಂತು ಕೂಗಿದ:

"ಅನ್ನದಾನಮ್ಮಾ, ಕೇಳಿಲ್ಲಿ. ಅಲ್ಲಿ ನೀ ನೆಲಿ ನಿಲ್ಲಂಗಿಲ್ಲ. ನನ್ನ ಮಾತು ಕೇಳು."

ಅವಳು ಹಾರೆ ನೆಲಕ್ಕೆ ಊರಿ ತಿರುಗಿದಳು. ಹದಿನೈದು ದಿನದಿಂದ ಒಳಗೇ ಕುದಿಯುತ್ತಿದ್ದದ್ದು ಒಮ್ಮೆಲೇ ಹೊರಗೆ ಬಂತು.

"ಎಲ್ಲಿ ನಿಂತೀನೋ ನಾನು? ಬಾಗಳ್ಯಾಗ ನಮ್ಮ ಅತ್ತಿಮನಿ ಬಸವನ ಆಯ, ಮದುವ್ಯಾಗಾ ಹೇಳಿಕೊಂಡು ಮೆರೆದ್ರು. ಗಂಡ ಸತ್ತು ಮೂರು ತಿಂಗಳಿಗೆ ನನ್ನ ಟ್ರಂಕು ಹೊರಗಿಟ್ರು. ನಮ್ಮಪ್ಪನ ಮನಿ ಸಿಂಹದ ಆಯ. ಅಣ್ಣತಮ್ಮರು ಪಾಲು ಹಂಚಿಕೊಂಡ್ರು, ನನಗ ಪಡಸಾಲ್ಯಾಗೂ ಜಾಗ ಇಲ್ಲ ಅಂದ್ರು. ಕೋಗಳ್ಯಾಗ ಸೋದರತ್ತಿ ಮನಿ ಆನಿ ಆಯ, ಅಲ್ಲಿ ಎಂಟು ವರ್ಷ ದುಡಿಸಿಕೊಂಡು ಕೈ ಬಿಟ್ರು. ನಾಗಕ್ಕನ ಮನಿ ನೀನಾ ಕಟ್ಟಿದ್ದು, ಅದೂ ಸಿಂಹಾನಾ. ಯುಗಾದಿ ಆದಮ್ಯಾಲ ಬಿಡು ಅಂದಾಳ. ನಿನ್ನ ಸಿಂಹ, ನಿನ್ನ ಆನಿ, ಎಲ್ಲಾ ನೋಡೀನಿ ನಾನು. ಎಲ್ಲಾ ಅವರವರಿಗೆ ಒಳ್ಳೇವು. ಕಾಗಿ ಮನಿಯಾಗಿಂದ ನನ್ನ ಯಾರು ಹೊರಗ ಹಾಕ್ತಾರ, ಅದನ್ನೂ ನೋಡಿಬಿಡ್ತೀನಿ."

ಅವಳು ತಿರುಗಿ ಮೀಟಲು ಶುರು ಮಾಡಿದಳು. ನಾಲ್ಕನೆಯ ಸಲಕ್ಕೆ ಕಲ್ಲು ಕದಲಿತು, ಅವಳ ಅಂಗೈ ಸುಲಿದು ರಕ್ತ ಬಂತು. ಆಗ ಪಕ್ಕೀರಪ್ಪ ಚಪ್ಪಲಿ ಬಿಟ್ಟು ಬುನಾದಿಯೊಳಗೆ ಇಳಿದು, ಅವಳ ಕೈಯಿಂದ ಹಾರೆ ಕಿತ್ತುಕೊಂಡ. "ಸರಿ ಅತ್ಲಾಗ" ಎಂದಷ್ಟೇ ಹೇಳಿದ.

ನಾಲ್ಕು ದಿನ ಇಬ್ಬರೂ ಕೆಲಸ ಮಾಡಿದರು. ಅಂಗನವಾಡಿ ಬಿಟ್ಟ ಕೂಡಲೇ ಅವಳು ಬಂದು ಮಣ್ಣು ಹೊರುತ್ತಿದ್ದಳು. ಪಕ್ಕೀರಪ್ಪ ದಾರ ಕಟ್ಟುವಾಗ ಈ ಸಲ ಯಾರ ಕೈಯನ್ನೂ ಹಿಡಿಯಲಿಲ್ಲ. ಕಾನಹೊಸಹಳ್ಳಿಯಿಂದ ಹೊಸ ಟೇಪು ತಂದು, ಪ್ಲಾನಿನ ಕಾಗದ ಕಲ್ಲಿನ ಕೆಳಗಿಟ್ಟುಕೊಂಡು, ಅಡಿ ಅಡಿಯನ್ನೂ ಎರಡೆರಡು ಸಲ ಅಳೆದ.

ಮಾರ್ಚ್ ಮೂವತ್ತೊಂದರ ಮಧ್ಯಾಹ್ನ ಅರುಣಕುಮಾರ್ ಬಂದ. ಅಳೆದ. ಹನ್ನೆರಡು. ಹದಿನೆಂಟು. ಮುಖ ಅರಳಿತು. ಕ್ಯಾಮೆರಾ ತೆಗೆದು, "ಒಳಗ ನಿಂತ್ಕೋರಿ ಅಮ್ಮಾ" ಎಂದ. ಅನ್ನದಾನಮ್ಮ ಮಣ್ಣಿನ ಸೀರೆಯಲ್ಲೇ ನಿಂತಳು. ಫೋಟೋ ಆಯಿತು. ಅವನು ಒಳ್ಳೆಯ ಹುಡುಗನೇ, ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಸಮಾಧಾನ ಹೇಳುವವನ ಹಾಗೆ ಹೇಳಿದ:

"ಮೊದಲಾ ಹಿಂಗ ಕಟ್ಟಿದ್ರ ಇಷ್ಟು ತ್ರಾಸಾ ಇರ್ತಿರಲಿಲ್ಲಲ್ರಿ. ಬರೀ ಒಂದೂವರಿ ಅಡಿ ಮಾತು."

"ನಿಮಗ ಒಂದೂವರಿ ಅಡಿರಿ" ಎಂದಳು ಅನ್ನದಾನಮ್ಮ. "ನನಗ ಅದು ನನ್ನ ಕೈ."

ಅವನಿಗೆ ಅರ್ಥವಾಗಲಿಲ್ಲ. ಪಟ್ಟಿ ಕಟ್ಟಿದ್ದ ಅವಳ ಅಂಗೈ ನೋಡಿ, ಔಷಧಿ ಹಚ್ಚಿಕೊಳ್ಳಿ ಎಂದು ಹೇಳಿ ಗಾಡಿ ಹತ್ತಿದ. ಹತ್ತು ದಿನಕ್ಕೆ ಎರಡನೇ ಕಂತು ಬಂತು.