ಮೊದಲು ಬಟ್ಟೆ, ಆಮೇಲೆ ಮೈ

ಚಿತ್ರ ಇರುವ ಟೀ ಶರ್ಟು ಹಾಕಿಕೊಂಡು ಯಾರಾದರೂ ಎದುರಿಗೆ ಬಂದರೆ ನಾನು ಮುಖಕ್ಕಿಂತ ಮೊದಲು ಎದೆ ನೋಡುತ್ತೇನೆ. ನನ್ನ ಮೊಮ್ಮಗಳಿಗೆ ನಾಚಿಕೆ. "ಅಜ್ಜಿ, ಹಂಗೆಲ್ಲ ಜನರನ್ನ ನೋಡ್ಬಾರ್ದು" ಅನ್ನುತ್ತಾಳೆ. ನಾನು ನೋಡುವುದು ಜನರನ್ನಲ್ಲ. ಒಂದು ಬಣ್ಣಕ್ಕೂ ಇನ್ನೊಂದು ಬಣ್ಣಕ್ಕೂ ನಡುವೆ ಸಂದು ಬಿಟ್ಟಿದೆಯೋ ಇಲ್ಲವೋ ಅಂತ. ಮುಕ್ಕಾಲು ಪಾಲು ಬಿಟ್ಟಿರುತ್ತದೆ. ಹುಲಿಯ ಕಣ್ಣು ಕಿವಿ ಪಕ್ಕಕ್ಕೆ ಜರುಗಿರುತ್ತದೆ, ಹೂವಿನ ಕೆಂಪು ಎಲೆ ಮೇಲೆ ಚೆಲ್ಲಿರುತ್ತದೆ, ಆದರೂ ಆಸಾಮಿ ಎದೆ ಉಬ್ಬಿಸಿಕೊಂಡು ಹೋಗುತ್ತಿರುತ್ತಾನೆ. ವರ್ಷಗಟ್ಟಲೆ ಆ ಕೆಲಸ ಮಾಡಿದವಳು ನಾನು. ನೋಡುವ ಹಕ್ಕು ನನಗಿದೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಒಂದು ಕೋಳಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಪ್ರಿಂಟಿಂಗ್ ಶಾಪು. ಕೆಳಗೆ ಕೋಳಿಯ ಕೂಗು, ಮೇಲೆ ಬಣ್ಣದ ವಾಸನೆ. ಯಜಮಾನರನ್ನು ಎಲ್ಲರೂ ಭಾಯಿ ಅನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಬಂದರೆ ದಖನಿ ಉರ್ದುವಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು, ಯಾರಿಗೂ ಅರ್ಥವಾಗದೆ ಉಳಿಯಬಾರದು ಅಂತ.

ಕೆಲಸ ಹೀಗಿತ್ತು. ಉದ್ದನೆಯ ಮೇಜಿಗೆ ಗೋಂದು ಬಳಿದು, ಇನ್ನೂ ಹೊಲಿಯದ ಅಂಗಿಯ ಮುಂಭಾಗದ ತುಂಡುಗಳನ್ನು ಸಾಲಾಗಿ ಅಂಟಿಸುವುದು. ಒಂದೊಂದು ಬಣ್ಣಕ್ಕೆ ಒಂದೊಂದು ಫ್ರೇಮು. ಫ್ರೇಮು ಅಂದರೆ ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿದ ತೆಳು ಜಾಲರಿ. ಬಣ್ಣ ಇಳಿಯಬೇಕಾದ ಕಡೆ ಮಾತ್ರ ಅದರ ತೂತು ತೆರೆದಿರುತ್ತದೆ. ಒಳಗೆ ಬಣ್ಣ ಸುರಿದು, ಹಿಡಿಕೆ ಇರುವ ರಬ್ಬರ್ ಪಟ್ಟಿಯಿಂದ ಒತ್ತಿ ಎಳೆದರೆ ಬಟ್ಟೆಯ ಮೇಲೆ ಅಷ್ಟು ಚಿತ್ರ ಮೂಡುತ್ತದೆ. ಎದೆ ತುಂಬ ಬರುವ ದೊಡ್ಡ ಚಿತ್ರಕ್ಕೆ ದೊಡ್ಡ ಫ್ರೇಮು, ಅದು ಒಬ್ಬರ ಕೈಗೆ ಎಟುಕುವುದಿಲ್ಲ. ಮೇಜಿನ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು. ಅವಳು ತಳ್ಳಿದ್ದನ್ನು ನಾನು ಎಳೆಯಬೇಕು, ನಾನು ತಳ್ಳಿದ್ದನ್ನು ಅವಳು. ಇಬ್ಬರ ಕೈಭಾರ ಒಂದೇ ಇರಬೇಕು. ಇಲ್ಲದಿದ್ದರೆ ಚಿತ್ರದ ತಲೆ ಕಪ್ಪಗೆ, ಕಾಲು ಬೆಳ್ಳಗೆ.

ಜೋಡಿ ಇಲ್ಲದವಳಿಗೆ ಮೇಜಿಲ್ಲ. ಅದು ಭಾಯಿಯ ಕಾನೂನು. ಜೋಡಿ ಬಿಟ್ಟು ಹೋದರೆ ಮೂಲೆಯಲ್ಲಿ ಕೂತು ಹೊಲಿದು ಬಂದ ಅಂಗಿಯ ದಾರದ ತುದಿ ಕತ್ತರಿಸಬೇಕು, ಇಲ್ಲವೇ ಮನೆಗೆ ಹೋಗಬೇಕು. ದಾರ ಕತ್ತರಿಸಲು ನನ್ನ ಕಣ್ಣು ಸಾಲದು. ಮನೆಗೆ ಹೋಗಲು ಇಷ್ಟವಿಲ್ಲ. ಗಂಡ ಸತ್ತ ಮೇಲೆ ಒಂದಿಷ್ಟು ದಿನ ಮನೆಯಲ್ಲಿ ಕೂತು ನೋಡಿದ್ದೆ. ಗೋಡೆ ನೋಡಿಕೊಂಡು ಕೂರುವುದಕ್ಕಿಂತ ಬಣ್ಣ ನೋಡಿಕೊಂಡು ನಿಲ್ಲುವುದು ವಾಸಿ.

ನನ್ನ ಜೋಡಿ ನನ್ನ ಸೊಸೆ. ಅವಳಿಗಿಂತ ಮೊದಲು ಬೇರೆಯವರಿದ್ದರು. ಒಬ್ಬಳಿಗೆ ಕೈಯಲ್ಲಿ ಬಲವಿಲ್ಲ ಅಂದೆ, ಹೋದಳು. ಇನ್ನೊಬ್ಬಳಿಗೆ ಬಲವಿದೆ, ತಲೆಯಿಲ್ಲ ಅಂದೆ, ಅವಳೂ ಹೋದಳು. ಕೊನೆಗೆ ಭಾಯಿ, "ಅಮ್ಮಾ, ನಿಮ್ಮ ಬಾಯಿ ತಡ್ಕೊಳ್ಳೋರನ್ನ ನಿಮ್ಮ ಮನೆಯಿಂದಾನೇ ಕರ್ಕೊಂಡು ಬನ್ನಿ" ಅಂದರು. ಹಾಗೆ ಬಂದವಳು ಇವಳು. ಹೊಸಕೋಟೆ ಕಡೆಯ ಹುಡುಗಿ, ಮಾತು ಕಡಿಮೆ, ಕೈ ಗಟ್ಟಿ. ನನ್ನ ಕೈಭಾರಕ್ಕೆ ಸರಿಯಾಗಿ ಹೊಂದಿಕೊಂಡಳು. ಹಾಗಂತ ನಾನು ಅವಳಿಗೆ ಹೇಳಲಿಲ್ಲ. ಹೇಳಿದರೆ ಹಾಳಾಗುತ್ತಾರೆ.

ಹಲಸೂರಿನ ವಠಾರದಲ್ಲಿ ನಮ್ಮದು ಒಂದು ರೂಮು, ಒಂದು ಸಣ್ಣ ಅಡುಗೆಮನೆ. ಮಗ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಗೆ ಟೆಂಪೊ ಓಡಿಸುತ್ತಿದ್ದ. ಒಂದು ಸಂಜೆ ಸೊಸೆ ಅನ್ನ ಬಡಿಸುತ್ತಾ, ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಹತ್ತಿರ ಒಂದು ರೂಮು ನೋಡಿದ್ದೇವೆ, ಇವರಿಗೆ ಕೆಲಸಕ್ಕೆ ಹತ್ತಿರ ಆಗುತ್ತೆ ಅಂದಳು. ಆ ಕಡೆ ಹೋದವಳು ಆ ಕಡೆಯೇ ಯಾವುದಾದರೂ ಗಾರ್ಮೆಂಟ್ಸ್ ಸೇರುತ್ತಾಳೆ, ನನ್ನ ಮೇಜು ಹೋಯಿತು ಅಂತ ತುತ್ತು ಬಾಯಲ್ಲಿರುವಾಗಲೇ ನನಗೆ ಗೊತ್ತಾಯಿತು.

"ಹೋಗಿ, ಹೋಗಿ. ತಪ್ಪಲೇನೂ ಎತ್ಕೊಂಡು ಹೋಗಿ" ಅಂದೆ.

"ತಪ್ಪಲೆ ನೀವೇ ಇಟ್ಕೊಳ್ಳಿ ಅತ್ತೆ, ತಳ ತೂತಾಗಿದೆ" ಅಂದಳು.

ಮಗ ಇಬ್ಬರ ಮುಖ ನೋಡಿ, ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ತಿಂದ. ಅವನ ಅಪ್ಪನೂ ಅಷ್ಟೇ ಧೈರ್ಯವಂತ. ಅಲ್ಲಿಂದ ನಾನೂ ಸೊಸೆಯೂ ಮಾತು ಬಿಟ್ಟೆವು. ಮೊದಲು ಬಾಯಿ ಬಿಟ್ಟವರು ಸೋತಂತೆ. ನಾನು ಬಿಟ್ಟರೆ ಅವಳು ಹೋಗುವುದಕ್ಕೆ ಒಪ್ಪಿದಂತೆ, ಅವಳು ಬಿಟ್ಟರೆ ಉಳಿಯುವುದಕ್ಕೆ ಒಪ್ಪಿದಂತೆ. ಹಾಗಂತ ಯಾರೂ ಹೇಳಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ರಬ್ಬರ್ ತಳ್ಳಲು ಮಾತು ಬೇಕಿಲ್ಲ.

ಆಗ ಬಂದಳು ಆ ಬಿಳಿ ಹೆಂಗಸು. ಚಿತ್ರದ ಹೆಂಗಸು. ಹೊರದೇಶಕ್ಕೆ ಹೋಗುವ ಆರ್ಡರು. ಕಪ್ಪು ಅಂಗಿ, ಅದರ ಎದೆ ತುಂಬ ಸಮುದ್ರ, ಮುಳುಗುವ ಸೂರ್ಯ, ತೆಂಗಿನ ಮರ, ಮರಕ್ಕೆ ಒರಗಿ ನಿಂತ ಇವಳು. ಮೈ ಮೇಲೆ ಎರಡು ಚೂರು ಕೆಂಪು ಬಟ್ಟೆ. ಬಿಸಿ ಪಾತ್ರೆ ಇಳಿಸಲು ನಾನು ಮನೆಯಲ್ಲಿ ಇಟ್ಟುಕೊಂಡಿದ್ದ ಚಿಂದಿಯೇ ಅದಕ್ಕಿಂತ ದೊಡ್ಡದಿತ್ತು.

ಏಳು ಬಣ್ಣ. ಕಪ್ಪು ಬಟ್ಟೆ ಬಣ್ಣವನ್ನು ನುಂಗಿಬಿಡುತ್ತದೆ, ಆದ್ದರಿಂದ ಮೊದಲು ಚಿತ್ರದ ಉದ್ದಗಲಕ್ಕೂ ಬಿಳಿ ಹೊಡೆಯಬೇಕು. ಆಮೇಲೆ ತೆಳು ಬಣ್ಣದಿಂದ ಗಾಢ ಬಣ್ಣಕ್ಕೆ: ಹಳದಿ, ಮೈಬಣ್ಣ, ಹಸಿರು, ನೀಲಿ, ಕೆಂಪು, ಕೊನೆಗೆ ಗೆರೆಗಳಿಗೆ ಕಂದು. ಸೂರ್ಯನಿಗೂ ಅವಳ ಬಟ್ಟೆಗೂ ಒಂದೇ ಕೆಂಪು, ಒಂದೇ ಫ್ರೇಮು. ಲೆಕ್ಕ ನೋಡಿ. ಮೂರನೆಯ ಬಣ್ಣಕ್ಕೆ ಮೈ ಬರುತ್ತದೆ, ಬಟ್ಟೆ ಬರುವುದು ಆರನೆಯದಕ್ಕೆ. ಅಲ್ಲಿಯವರೆಗೆ ಅವಳು ಹಾಗೇ ಇರಬೇಕು. ಒಬ್ಬಳಲ್ಲ, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ.

ಮೊದಲ ದಿನ ಮೈಬಣ್ಣ ಹೊಡೆದು ಒಣಗಲು ಬಿಟ್ಟಿದ್ದೆವು. ಕೋಳಿ ಅಂಗಡಿಯ ಹುಡುಗರಿಗೆ ಇದ್ದಕ್ಕಿದ್ದಂತೆ ಬಾಯಾರಿಕೆ ಶುರುವಾಯಿತು. ಒಬ್ಬನ ಹಿಂದೆ ಒಬ್ಬ ನೀರು ಕುಡಿಯಲು ಮಹಡಿ ಹತ್ತಿದರು.

"ಕೆಳಗೆ ನಲ್ಲಿ ಇಲ್ವೇನ್ರೋ?" ಅಂದೆ.

"ಇಲ್ಲಿ ನೀರು ತಣ್ಣಗಿದೆ ಅಮ್ಮ" ಅಂದ ಒಬ್ಬ. ಕಣ್ಣು ಮೇಜಿನ ಮೇಲೆ, ನೀರು ತನ್ನದೇ ಅಂಗಿಯ ಮೇಲೆ.

ಅವರ ಹಿಂದೆಯೇ ಭಾಯಿಯ ಅಪ್ಪ ಬಂದರು. ಮಧ್ಯಾಹ್ನದ ನಮಾಜು ಮುಗಿಸಿ ಮಗನ ಜೊತೆ ಟೀ ಕುಡಿಯಲು ಬರುವುದು ಅವರ ರೂಢಿ. ಬಾಗಿಲಲ್ಲಿ ನಿಂತು, ಸಾಲಾಗಿ ಮಲಗಿದ್ದವರನ್ನೆಲ್ಲ ಒಮ್ಮೆ ನೋಡಿ, "ಯೇ ಸಬ್ ಕೌನ್?" ಅಂದರು. ಇವರೆಲ್ಲ ಯಾರು ಅಂತ.

"ಅಬ್ಬಾ, ಎಕ್ಸ್‌ಪೋರ್ಟ್" ಅಂದರು ಭಾಯಿ.

ಮುದುಕರು ಅಲ್ಲೇ ಮೆಟ್ಟಿಲ ಮೇಲೆ ಆ ಕಡೆ ಮುಖ ಮಾಡಿ ಕೂತುಬಿಟ್ಟರು. ಟೀ ಅಲ್ಲಿಗೇ ಹೋಯಿತು.

ಮರುದಿನ ಬೆಳಿಗ್ಗೆ ಭಾಯಿ ನಮ್ಮ ಮೇಜಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಇವತ್ತಿಂದ ಮೊದ್ಲು ಬಟ್ಟೆ, ಆಮೇಲೆ ಮೈ."

"ಕೆಂಪು ಮೊದ್ಲು ಹೊಡೆದ್ರೆ ಏನಾದ್ರೂ ಎಡವಟ್ಟಾಗುತ್ತೆ ಭಾಯಿ."

"ಏನಾಗುತ್ತೆ?"

"ಗೊತ್ತಿಲ್ಲ."

"ಗೊತ್ತಿಲ್ಲಾಂದ್ರೆ ಹೊಡೀರಿ. ನಮ್ಮ ಅಬ್ಬಾ ಇವತ್ತೂ ಬರ್ತಾರೆ."

ಬಿಳಿ ಹೊಡೆದೆವು, ಹಳದಿ ಹೊಡೆದೆವು, ಕೆಂಪು ಹೊಡೆದೆವು. ಮೈಯೇ ಇಲ್ಲದೆ ಬಟ್ಟೆ ಮಾತ್ರ ಬಂತು, ತಂತಿಗೆ ಒಣಹಾಕಿದ ಹಾಗೆ. ಆಮೇಲೆ ಮೈಬಣ್ಣದ ಫ್ರೇಮು ಇಟ್ಟೆವು, ಸೊಸೆ ತಳ್ಳಿದಳು, ನಾನು ಎಳೆದೆ. ಫ್ರೇಮು ಎತ್ತಿ ನೋಡಿದರೆ ಬಟ್ಟೆ ಚಿಕ್ಕದಾಗಿದೆ.

ಕಾರಣ ಸುಲಭ. ಎರಡು ಬಣ್ಣದ ನಡುವೆ ಸಂದು ಬೀಳಬಾರದು ಅಂತ, ಚಿತ್ರ ಬರೆದವನು ಮೈಬಣ್ಣವನ್ನು ಬಟ್ಟೆಯ ಅಂಚಿನ ಅಡಿಗೆ ಸ್ವಲ್ಪ ಒಳಗೆ ಬಿಟ್ಟಿರುತ್ತಾನೆ. ಮೇಲೆ ಕೆಂಪು ಬಂದು ಅದನ್ನು ಮುಚ್ಚುತ್ತದೆ. ನಾವು ಹಿಂದುಮುಂದು ಮಾಡಿದ್ದರಿಂದ ಮೈಬಣ್ಣವೇ ಕೆಂಪಿನ ಮೇಲೆ ಹತ್ತಿ ಕೂತು, ಸುತ್ತಲಿಂದಲೂ ಬಟ್ಟೆಯನ್ನು ತಿಂದುಹಾಕಿತ್ತು. ಇದ್ದದ್ದೇ ಎರಡು ಚೂರು. ಈಗ ಎರಡು ಗೀಟು ಉಳಿದಿತ್ತು. ನಾವು ಮರ್ಯಾದೆ ಕಾಪಾಡಲು ಹೋದರೆ ಚಿತ್ರದವಳು ಹಿಂದಿನ ದಿನಕ್ಕಿಂತ ಕೆಟ್ಟದಾಗಿ ಕಾಣುತ್ತಿದ್ದಳು.

ನಾನು ನೋಡಿದೆ. ಸೊಸೆಯೂ ನೋಡಿದಳು. ನಾನು ನೋಡಿದ್ದನ್ನು ಅವಳು ನೋಡಿದಳು. ಯಾರಾದರೊಬ್ಬರು "ನಿಲ್ಲು" ಅನ್ನಬೇಕಿತ್ತು. ಚಿಕ್ಕವಳು ಅವಳು, ಅವಳು ಹೇಳಲಿ ಅಂತ ನಾನು. ದೊಡ್ಡವರು ಇವರು, ಇವರು ಹೇಳಲಿ ಅಂತ ಅವಳು ಅಂದುಕೊಂಡಿರಬೇಕು. ಅವಳು ಒಮ್ಮೆ ಬಣ್ಣ ತರಲು ಹೋಗಿ ಬಂದಳು. ಫ್ರೇಮು ಎತ್ತಿ ಮುಂದಕ್ಕೆ ಇಟ್ಟೆವು. ಒದ್ದೆ ಬಣ್ಣಕ್ಕೆ ಫ್ರೇಮು ತಾಗಬಾರದು ಅಂತ ಒಂದು ತುಂಡು ಬಿಟ್ಟು ಒಂದು ಹೊಡೆಯುತ್ತಾ ಹೋಗಿ, ಬರುವಾಗ ಉಳಿದದ್ದು ಹೊಡೆಯುವುದು ಪದ್ಧತಿ. ಹೋದೆವು, ಬಂದೆವು. ಒಂದೂ ಬಿಡದೆ ಎಲ್ಲರ ಬಟ್ಟೆಯನ್ನೂ ಮೈಬಣ್ಣಕ್ಕೆ ತಿನ್ನಿಸಿದೆವು, ತುಟಿ ಎರಡು ಮಾಡದೆ. ಅಷ್ಟು ಒಂದೇ ಸಮನಾದ ಕೈಭಾರ ನಮಗೆ ಹಿಂದೆಂದೂ ಬಂದಿರಲಿಲ್ಲ.

ಭಾಯಿ ಬಂದು ಬಗ್ಗಿ ನೋಡಿದರು. ದಖನಿಯಲ್ಲಿ ಒಂದಿಷ್ಟು ಆಯಿತು. ಆಮೇಲೆ ಕನ್ನಡದಲ್ಲಿ, "ನಿನ್ನೆ ಏನೂ ಇರ್ಲಿಲ್ಲ, ಇನ್ನೂ ಆಗ್ಬೇಕು ಅಂತ ಗೊತ್ತಾಗ್ತಿತ್ತು. ಇವತ್ತು ಇಷ್ಟೇ ಅನ್ನೋ ಹಂಗೆ ಮಾಡಿಟ್ಟಿದ್ದೀರಲ್ಲಮ್ಮ. ನಾಲ್ಕು ಕಣ್ಣು ಇದೆ, ಒಂದು ಬಾಯಿ ಇಲ್ವಾ ಇಬ್ಬರಿಗೂ ಸೇರಿ?"

ನಾನು ಫ್ರೇಮಿನ ಅಂಚು ಒರೆಸಿದೆ, ಸೊಸೆ ರಬ್ಬರ್ ಪಟ್ಟಿ ಒರೆಸಿದಳು.

"ಮನೆ ಜಗಳ ಮನೇಲಿ ಇಟ್ಕೊಳ್ಳಿ. ತುಂಡು ಎಲ್ಲಾ ಕಿತ್ತು ಬಿಸಾಕಿ. ನಾಳೆಯಿಂದ ಈ ಜೋಡಿ ಬೇಡ ನನಗೆ."

ಅವಳಿಗೇನು, ಹೇಗೂ ಹೋಗುವವಳು. ನನ್ನ ಮೇಜು ಅಲ್ಲೇ, ಕಣ್ಣೆದುರಿಗೇ ಹೋಗುತ್ತಿತ್ತು. ಆಗ ಸೋಲುವುದೇ ಸೈ ಅಂತ ಬಾಯಿ ತೆರೆದೆ.

"ಕೀಳ್ಬೇಡಿ ಭಾಯಿ. ಮೇಜಿನ ಮೇಲಿದ್ರೆ ಜಾಗ ತಪ್ಪಲ್ಲ. ಮೇಲಿಂದ ಕೆಂಪು ಇನ್ನೊಂದು ಸಲ ಹೊಡೆದ್ರೆ ಮುಚ್ಕೊಳ್ಳುತ್ತೆ." ಹೇಳಿದ ಮೇಲೆ ನೆನಪಾಯಿತು, ಕೆಂಪಿನ ಫ್ರೇಮಿನಲ್ಲಿ ಬಣ್ಣ ಇಷ್ಟು ಹೊತ್ತಿಗೆ ಒಣಗಿ ತೂತೆಲ್ಲ ಕಟ್ಟಿಹೋಗಿರುತ್ತದೆ. ಸೊಸೆಯ ಕಡೆ ತಿರುಗಿದೆ. "ಕೆಂಪಿನ ಫ್ರೇಮ್ ಏನಾಯ್ತೇ?"

"ಒದ್ದೆ ಬಟ್ಟೆ ಸುತ್ತಿಟ್ಟಿದ್ದೀನಿ."

"ಯಾವಾಗ?"

"ಮೊದಲನೇ ತುಂಡಿಂದ ಫ್ರೇಮ್ ಎತ್ತಿದಾಗಲೇ. ಬಣ್ಣ ತರೋಕೆ ಹೋಗಿದ್ನಲ್ಲ."

ಕಳ್ಳಿ. ಎಲ್ಲ ಗೊತ್ತಿದ್ದು, ಮುಂದೇನು ಬೇಕಾಗುತ್ತೆ ಅಂತಲೂ ಗೊತ್ತಿದ್ದು, ನನ್ನ ಬಾಯಿ ತೆರೆಸಲು ಕಾದಿದ್ದಳು. ಭಾಯಿ ನಮ್ಮಿಬ್ಬರನ್ನೂ ನೋಡಿ, ಕೈ ಮೇಲಕ್ಕೆತ್ತಿ, ಹೊಡೀರಿ ಅಂತ ಹೇಳಿ ಅಪ್ಪನನ್ನು ಮೆಟ್ಟಿಲಲ್ಲೇ ತಡೆಯಲು ಹೋದರು.

ಮೈಬಣ್ಣ ಒಣಗಿದ ಮೇಲೆ ಕೆಂಪು ಇಟ್ಟೆವು. ಅವಳು ತಳ್ಳಿದಳು.

"ಟಿನ್ ಫ್ಯಾಕ್ಟರಿಯಿಂದ ಶಿವಾಜಿನಗರಕ್ಕೆ ಬಸ್ಸಿದೆ ಅತ್ತೆ" ಅಂದಳು.

ನಾನು ಎಳೆದೆ. "ಇದ್ರೆ?"

"ಇದ್ರೆ ಏನು. ಬರ್ತೀನಿ."

"ಎಲ್ಲಿಗೆ?"

"ಇಲ್ಲಿಗೆ. ಕೆಲಸಕ್ಕೆ."

ಫ್ರೇಮು ಎತ್ತಿದೆವು. ಬಟ್ಟೆ ಮತ್ತೆ ತನ್ನ ಅಳತೆಗೆ ಬಂದಿತ್ತು. ಮುಂದಿನ ತುಂಡಿಗೆ ಇಟ್ಟೆವು.

"ಅಲ್ಲೇ ಗಾರ್ಮೆಂಟ್ಸ್ ಸೇರ್ತೀಯ ಅಂದ್ಕೊಂಡಿದ್ದೆ."

"ಅಲ್ಲಿ ಬಾತ್‌ರೂಮಿಗೆ ಹೋಗೋಕೂ ಟೋಕನ್ ಕೇಳ್ಬೇಕಂತೆ. ಯಾರಿಗೆ ಬೇಕು. ನಂಗೆ ಬೇರೆ ಬೇಕಾಗಿರೋದು ಮನೆ, ಕೆಲಸ ಅಲ್ಲ."

"ಮನೆ ಯಾಕೆ ಬೇರೆ?"

ತಳ್ಳುವ ಕೈ ನಿಲ್ಲಿಸದೆ ಹೇಳಿದಳು, "ನಿಮ್ಮ ಅಡುಗೆಮನೇಲಿ ಸಾಸಿವೆ ಡಬ್ಬಿ ಆ ಕಡೆ ಇಟ್ರೆ ನೀವು ಈ ಕಡೆ ಇಡ್ತೀರಿ. ಉಪ್ಪಿನ ಡಬ್ಬಿ ಈ ಕಡೆ ಇಟ್ರೆ ಆ ಕಡೆ ಇಡ್ತೀರಿ. ಒಂದು ಡಬ್ಬಿ ನಾನಿಟ್ಟ ಜಾಗದಲ್ಲಿ ಇರೋದನ್ನ ನೋಡ್ಬೇಕು ನಂಗೆ."

"ಅಷ್ಟಕ್ಕೆ ಇಷ್ಟು ದಿನ ಬಾಯಿ ಮುಚ್ಕೊಂಡಿದ್ಯ?"

"ನೀವು ಕೇಳಿದ್ರಾ?"

ಕೇಳಿರಲಿಲ್ಲ. ಡಬ್ಬಿಗಳ ವಿಷಯದಲ್ಲಿ ನಾನು ಮಾಡಿದ್ದೇ ಸರಿ. ಸಾಸಿವೆ ಒಲೆಯ ಪಕ್ಕದಲ್ಲೇ ಇರಬೇಕು. ಆದರೆ ನನಗೆ ಬೇಕಾಗಿದ್ದದ್ದು ಅವಳ ಕೈ, ಅವಳ ಸಾರಲ್ಲ. "ಹಂಗಾದ್ರೆ ಹೋಗು. ಬಸ್ಸು ತಪ್ಪಿಸ್ಕೊಂಡ್ರೆ ಮಾತ್ರ ನಾನು ಸುಮ್ನಿರಲ್ಲ" ಅಂದೆ.

"ಸುಮ್ನಿದ್ರೇನೇ ಭಯ ಆಗೋದು" ಅಂದಳು. "ಇವತ್ತು ನೋಡಿದ್ವಲ್ಲ. ಮೇಜಿನ ಹತ್ರ ತಪ್ಪು ಕಂಡ್ರೆ ಬಾಯಿ ಬಿಟ್ಟು ಹೇಳ್ಬೇಕು, ನೀವೂ, ನಾನೂ."

ಅಷ್ಟು ಸುಲಭವಾಗಿ ಪಾಲಿಸುವಂಥ ಮಾತನ್ನು ನನ್ನಿಂದ ಯಾರೂ ತೆಗೆದುಕೊಂಡಿರಲಿಲ್ಲ. ತಪ್ಪು ಹೇಳಬೇಡಿ ಅಂತ ಊರೆಲ್ಲ ಕೈಮುಗಿದು ಕೇಳಿಕೊಂಡಿತ್ತು, ಹೇಳಿ ಅಂದವಳು ಇವಳೊಬ್ಬಳೇ. ಅವಳೂ ಹೇಳುತ್ತಾಳೆ ಅನ್ನುವುದನ್ನು ಮಾತ್ರ ನಾನು ಆಗ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ಸಲ ಕೆಂಪು ಬಿದ್ದದ್ದರಿಂದ ಅವಳ ಬಟ್ಟೆ, ಅದರ ಜೊತೆಗೆ ಸೂರ್ಯನೂ, ಸ್ವಲ್ಪ ದಪ್ಪಗೆ ಮೇಲೆದ್ದು ನಿಂತವು. ಆರ್ಡರು ಕೊಟ್ಟ ಕಂಪನಿಯ ಮನುಷ್ಯ ಬಂದು ಒಂದು ತುಂಡು ಕೈಗೆ ತೆಗೆದುಕೊಂಡ. ಹೆಬ್ಬೆರಳಿನಿಂದ ಸವರಿದ. ಮತ್ತೆ ಸವರಿದ. ನಾವೆಲ್ಲ ನೋಡುತ್ತಿದ್ದೇವೆ ಅಂತ ಗೊತ್ತಾದ ಮೇಲೆ ಬೆರಳನ್ನು ಸೂರ್ಯನ ಮೇಲಕ್ಕೆ ಜರುಗಿಸಿ, "ಫಿನಿಶಿಂಗ್ ಚೆನ್ನಾಗಿದೆ, ಎಲ್ಲಾ ಹೀಗೇ ಇರ್ಲಿ" ಅಂದ. ಹಾಗಾಗಿ ಇಡೀ ಆರ್ಡರಿಗೆ ಬಟ್ಟೆ, ಮೈ, ಮತ್ತೆ ಬಟ್ಟೆ. ನಮಗೆ ಒಂದು ಸುತ್ತು ಹೆಚ್ಚಿಗೆ ಕೆಲಸ. ಭಾಯಿಯ ಅಪ್ಪ ಮಾತ್ರ ಆಮೇಲೂ ಮೆಟ್ಟಿಲ ಮೇಲೇ ಟೀ ಕುಡಿದರು.

ತಿಂಗಳು ಮುಗಿದ ಮೇಲೆ ಮಗ ಟೆಂಪೊ ತಂದು ಸಾಮಾನು ಹಾಕಿಕೊಂಡು ಹೊರಟ. ನಾನು ಬೀಳ್ಕೊಡಲು ನಿಲ್ಲಲಿಲ್ಲ, ಕೆಲಸಕ್ಕೆ ಹೊತ್ತಾಗಿತ್ತು. ಸೊಸೆ ಆವತ್ತು ರಜ ಹಾಕಿದ್ದಳು. ಮರುದಿನ ಬೆಳಿಗ್ಗೆ ನಾನು ಗೋಂದು ಬಳಿದು, ತುಂಡು ಅಂಟಿಸಿ, ಮೇಜಿನ ನನ್ನ ಕಡೆ ನಿಂತಿದ್ದೆ. ಆ ಕಡೆ ಯಾರೂ ಇಲ್ಲ. ಭಾಯಿ ಗಡಿಯಾರ ನೋಡಿದರು. ನಾನು ಗಡಿಯಾರ ನೋಡಲಿಲ್ಲ, ಬಾಗಿಲನ್ನೂ ನೋಡಲಿಲ್ಲ, ಫ್ರೇಮನ್ನು ಸುಮ್ಮನೆ ಎರಡು ಸಲ ಒರೆಸಿದೆ. ಅವಳು ತಲೆ ಕೆದರಿಕೊಂಡು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

"ಟಿನ್ ಫ್ಯಾಕ್ಟರಿ ಹತ್ರಾನೇ ಅರ್ಧ ಗಂಟೆ ನಿಂತ್ಬಿಡ್ತು ಬಸ್ಸು" ಅಂದಳು.

"ಅರ್ಧ ಗಂಟೆ ಮೊದ್ಲು ಹೊರಡು."

ಅವಳು ಸೆರಗು ಸಿಕ್ಕಿಸಿಕೊಂಡು ಆ ಕಡೆ ನಿಂತಳು. ಬಿಳಿ ಹೊಡೆದೆವು. ಮಧ್ಯದಲ್ಲಿ ನಿಲ್ಲಿಸಿ, "ಅತ್ತೆ, ನಿಮ್ಮ ಎಡಗೈ ಇಳೀತಿದೆ, ನನ್ನ ಕಡೆ ಬಣ್ಣ ಬರ್ತಿಲ್ಲ" ಅಂದಳು. ನೋಡಿದೆ. ಇಳಿಯುತ್ತಿತ್ತು. ಎತ್ತಿ ಹಿಡಿದೆ.

ಊಟದ ಹೊತ್ತಿಗೆ ಅವಳ ಹೊಸ ಮನೆಯ ಸಾರು ಒಂದು ಚಮಚ ನನ್ನ ಅನ್ನಕ್ಕೆ ಹಾಕಿದಳು. ಉಪ್ಪು ಜಾಸ್ತಿ ಅಂದೆ.

"ಅದು ಮೇಜಲ್ಲ, ಅದ್ರ ಬಗ್ಗೆ ಯಾರೂ ಕೇಳ್ಲಿಲ್ಲ" ಅಂತ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

ಅದೂ ಸರಿಯೇ. ಹಾಕಿದ್ದಷ್ಟನ್ನು ತಿಂದು ಕೈ ತೊಳೆದೆ. ಮಧ್ಯಾಹ್ನಕ್ಕೆ ನೀಲಿ ಹೊಡೆಯುವುದಿತ್ತು.