ಮೈಕಿಲ್ಲದೆ ಹಾಡಿದವರು

ತೀರಿಕೊಂಡ ಗಾಯಕರ ವಿಷಯದಲ್ಲಿ ಅಭಿಮಾನಿಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಅವರನ್ನು ಎದುರಿಗೆ ಕೂತು ಕೇಳಿದ್ದೀಯೋ ಇಲ್ಲವೋ? ಎಷ್ಟು ಕ್ಯಾಸೆಟ್ ಕೂಡಿಟ್ಟಿದ್ದೀಯ, ಎಷ್ಟು ಹಾಡು ಬಾಯಿಪಾಠ ಎಂಬುದೆಲ್ಲ ಆಮೇಲೆ. ಎದುರಿಗೆ ಕೇಳಿದವನು ಬಾಯಿ ಬಿಟ್ಟರೆ ಉಳಿದವರು ಸುಮ್ಮನೆ ಕೂರಬೇಕು. ಶಿಕಾರಿಪುರದಲ್ಲಿ ಮೂವತ್ತೈದು ವರ್ಷ ಹಾಗೆ ಬಾಯಿ ಬಿಟ್ಟವನು ನಾನು. ಸ್ವಲ್ಪ ಜಂಬದಿಂದಲೇ ಬಿಟ್ಟಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮದು ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವುದು ಅಜ್ಜನ ಕಾಲದಿಂದ ಬಂದ ಕೆಲಸ. ಅಪ್ಪ ದಬ್ಬಳ ಹಿಡಿದರೆ ಕಣ್ಣು ಮುಚ್ಚಿಕೊಂಡು ಹೊಲಿಯುತ್ತಿದ್ದರು, ಆದರೆ ಓದಲು ಬರುತ್ತಿರಲಿಲ್ಲ. ಹಾಗಾಗಿ ನಾನು ಮೂರನೇ ಕ್ಲಾಸಿಗೆ ಬಂದಾಗಿನಿಂದ ಮನೆಯ ಓದುಗಾರನ ಹುದ್ದೆ ನನಗೆ ಬಂತು. ಕರೆಂಟ್ ಬಿಲ್ಲು, ಬಸ್ಸಿನ ಬೋರ್ಡು, ಮದುವೆ ಕಾಗದ, ಗೋಡೆಯ ಮೇಲಿನ ಪೋಸ್ಟರು, ಯಾವುದೇ ಆಗಲಿ ಅಪ್ಪ ಅದರ ಮುಂದೆ ನಿಂತು, "ಏನಂತ ಬರ್ದೈತಿ, ಹೇಳು" ಎನ್ನುತ್ತಿದ್ದರು. ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು.

ಅಪ್ಪನಿಗೆ ಹಾಡಿನ ಹುಚ್ಚು. ಅದರಲ್ಲೂ ಒಬ್ಬ ಗಾಯಕರೆಂದರೆ ಪ್ರಾಣ. ಕಪ್ಪು ಕನ್ನಡಕ, ಬಿಳಿ ಕೋಟು, ಹೆಗಲ ತನಕ ಕೂದಲು ಇದ್ದ ಪಾಪ್ ಗಾಯಕ ಅವರು. ಸಿನಿಮಾದವರ ಹಂಗಿಲ್ಲದೆ ತಮ್ಮದೇ ಕ್ಯಾಸೆಟ್ ತಂದು ಹೆಸರು ಮಾಡಿದ್ದರು. ಹಿಂಜುವ ಮಷಿನ್ ನಿಲ್ಲಿಸಿದ ಕೂಡಲೇ ಅಂಗಡಿಯಲ್ಲಿ ಅವರ ಕ್ಯಾಸೆಟ್ ಶುರುವಾಗುತ್ತಿತ್ತು. ಹತ್ತಿ ಧೂಳು ತುಂಬಿ ಆ ಟೇಪ್ ರೆಕಾರ್ಡರ್ ತಿಂಗಳಿಗೊಮ್ಮೆ ಕೆಡುತ್ತಿತ್ತು. ಅಪ್ಪ ಅದನ್ನು ರಿಪೇರಿಗೆ ಒಯ್ಯುವ ಅವಸರ ನೋಡಿ ಅಮ್ಮ, "ನಾನು ಕೆಮ್ಮಿದ್ರೆ ಇಷ್ಟು ಓಡಾಡ್ತಿರ್ಲಿಲ್ಲ" ಎನ್ನುತ್ತಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಗಣಪತಿ ಹಬ್ಬಕ್ಕೆ ಆ ಗಾಯಕರ ರಸಮಂಜರಿ ಬಂತು. ಬಸ್ ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಅಂಟಿಸಿದ್ದರು. ಅಪ್ಪ ನಿಂತರು, ನಾನು ಓದಿದೆ. ಅಂಗಡಿಯಲ್ಲಿ ಅರ್ಧ ಹೊಲಿದ ಗಾದಿ ಕಾಯುತ್ತಿದ್ದರೂ ಅಪ್ಪ ಅಲ್ಲಿಂದ ನೇರ ಸಮಿತಿಯವರ ಹತ್ತಿರ ಹೋಗಿ, ವಾದ್ಯದವರು ಕೂರಲು ಹೊಸ ಹತ್ತಿಯ ಗಾದಿ ತಾನು ಹಾಸುತ್ತೇನೆ ಎಂದು ಹೇಳಿ ಬಂದರು. ಆ ಗಾದಿಯ ಪುಣ್ಯದಿಂದ ನಮ್ಮಿಬ್ಬರಿಗೂ ಸ್ಟೇಜಿನ ಮಗ್ಗುಲಲ್ಲೇ ಜಾಗ ಸಿಕ್ಕಿತು.

ಮೂರು ಹಾಡು ಮುಗಿದಿತ್ತು. ಜನ ತಮಗೆ ಬೇಕಾದ ಹಾಡು ಬರೆದು ಚೀಟಿ ಕಳಿಸುತ್ತಿದ್ದರು. ಆಗ ಕರೆಂಟ್ ಹೋಯಿತು. ಮೈದಾನದ ತುಂಬ ಸಿಳ್ಳೆ, ಬೈಗುಳ. ಬಿಳಿ ಕೋಟಿನ ಆ ಮನುಷ್ಯ ಮೈಕ್ ಕೆಳಗಿಟ್ಟು ಸ್ಟೇಜಿನ ಅಂಚಿಗೆ ಬಂದು, ನಮ್ಮ ಗಾದಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಹಾಗೇ ಹಾಡಲು ಶುರು ಮಾಡಿದರು. ತಬಲದವನು ಮೆಲ್ಲಗೆ ಜೊತೆಗೂಡಿದ. ಸಿಳ್ಳೆ ನಿಂತಿತು. ದನಿ ಎದೆಯಿಂದ ಬರುತ್ತಿತ್ತು, ಸ್ವಲ್ಪ ಒರಟು, ತುಂಬಿದ ದನಿ. ಕತ್ತಲಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು. ಅವರು ಸುಮ್ಮಸುಮ್ಮನೆ ಮಕ್ಕಳ ಕೈ ಹಿಡಿಯುವವರಲ್ಲ. ಕರೆಂಟ್ ಬಂದ ಮೇಲೆ ಸ್ಟುಡಿಯೋದವರು ಒಂದು ಫೋಟೋ ತೆಗೆದರು. ಗಾಯಕರು ಮೈಕನ್ನು ಬಾಯಿಗೆ ಹಿಡಿದಿದ್ದಾರೆ, ಪಕ್ಕದಲ್ಲಿ ಅಪ್ಪ, ಅಪ್ಪನ ಮುಂದೆ ನಾನು. ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗು ಹಾಕಿದೆವು.

ಮರುದಿನ ಬೆಳಿಗ್ಗೆ ಕ್ಯಾಸೆಟ್ ಹಾಕಿದ ಅಪ್ಪ ಸ್ವಲ್ಪ ಹೊತ್ತು ಕೇಳಿ ಮುಖ ಸಣ್ಣದು ಮಾಡಿದರು. "ಇದ್ರಾಗ ದನಿ ತೆಳ್ಳಗ ಆಗೈತಿ. ನಿನ್ನೆ ಎದಿಯಿಂದ ಬಂತು ನೋಡು. ಮಷಿನ್ನು ದನೀನೂ ಹಿಂಜಿ ಬಿಡ್ತೈತಿ" ಎಂದರು.

ಆ ಒಂದು ಮಾತಿನ ಮೇಲೆ ನಾನು ದೊಡ್ಡ ಸಿದ್ಧಾಂತವನ್ನೇ ಕಟ್ಟಿದೆ. ರೆಕಾರ್ಡ್ ಆದ ದನಿ ಸೊರಗಿದ ದನಿ, ಹಾಡು ಎಂಬುದು ಎದುರಿಗೆ ಮಾತ್ರ ಇರುತ್ತದೆ ಎಂದು ದಿಂಬು ಕೊಳ್ಳಲು ಬಂದವರಿಗೂ ಬಿಡದೆ ಉಪದೇಶ ಮಾಡಿದೆ. ಮುಂದೆ ಶಿವಮೊಗ್ಗ, ದಾವಣಗೆರೆಗೆ ಹೋಗಿ ದೊಡ್ಡ ದೊಡ್ಡವರನ್ನು ಕೇಳಿದೆ. ಮನೆಯಷ್ಟು ಎತ್ತರದ ಸ್ಪೀಕರು, ಮುಂದೆ ನಿಂತವರೆಲ್ಲ ಮೊಬೈಲ್ ಎತ್ತಿ ಹಿಡಿದು ಹಾಡುವವರನ್ನು ಬಿಟ್ಟು ಮೊಬೈಲನ್ನೇ ನೋಡುವುದು. ಆ ಎದೆಯ ದನಿ ಎಲ್ಲೂ ಸಿಗಲಿಲ್ಲ. ಈಗಿನವರಿಗೆ ಎದೆಯೇ ಇಲ್ಲ ಎಂದು ಬೈದುಕೊಂಡು ಕೊನೇ ಬಸ್ಸಿಗೆ ಮುಂಚೆಯೇ ಎದ್ದು ಬರುತ್ತಿದ್ದೆ.

ಆರು ವರ್ಷದ ಕೆಳಗೆ ಅಪ್ಪ ಹಾಸಿಗೆ ಹಿಡಿದರು. ಊಟ ಬಿಟ್ಟ ದಿನಗಳಲ್ಲಿ ಒಂದು ಮಧ್ಯಾಹ್ನ, ರಸಮಂಜರಿಯ ಕತ್ತಲಲ್ಲಿ ಕೇಳಿದ ಆ ಹಾಡು ಬೇಕು ಎಂದರು. ಮೊಬೈಲಿನಲ್ಲಿ ಹಾಕಿ ಕಿವಿಯ ಹತ್ತಿರ ಹಿಡಿದೆ. ಎರಡು ಸಾಲು ಕೇಳಿ ಕೈಯಾಡಿಸಿದರು. "ಇದಲ್ಲ. ಆವತ್ತಿಂದು ಹಾಕು."

"ಅದು ಎಲ್ಲೂ ಸಿಗಲ್ಲಪ್ಪಾ. ಅದು ಎದುರಿಗೆ ಕೇಳಿದ್ದು" ಎಂದು ಮೊಬೈಲ್ ಆರಿಸಿದೆ. ಆ ವಾರವೇ ಅವರು ಹೋದರು.

ಕಳೆದ ವರ್ಷ ಆ ಗಾಯಕರೂ ತೀರಿಕೊಂಡರು. ಟಿವಿಯಲ್ಲಿ ದಿನವಿಡೀ ಅವರದೇ ಹಾಡು. ನಾನು ಅಂಗಡಿ ಮುಚ್ಚಿ ಕೂತು ಅಳಲು ನೋಡಿದೆ, ಬರಲಿಲ್ಲ. ಸಾಯುವ ತನಕ ಅಪ್ಪ ನೆನೆದ ಮನುಷ್ಯ ಸತ್ತರೆ ನನಗೆ ಅಳು ಬರಬೇಡವೇ? ನನ್ನಲ್ಲೇ ಏನೋ ಐಬಿರಬೇಕು ಎನಿಸಿತು.

ಸೊರಬದಲ್ಲಿ ಅವರ ಅಭಿಮಾನಿಗಳ ಒಂದು ಬಳಗವಿದೆ. ಅದನ್ನು ನಡೆಸುವವರು ಫ್ಲೆಕ್ಸ್ ಅಂಗಡಿ ಇಟ್ಟಿರುವ ನನ್ನ ಸ್ನೇಹಿತರು. ಗಾಯಕರು ಹೋಗಿ ವರ್ಷ ತುಂಬುವ ಹೊತ್ತಿಗೆ ಅವರ ಫೋನ್ ಬಂತು. "ಸಾಬ್ರೆ, ಭಾನುವಾರ ನಾಕು ಗಂಟೆಗೆ ಇಲ್ಲಿ ಗೀತನಮನ ಇಟ್ಕೊಂಡಿದೀವಿ. ಎದುರಿಗೆ ಕೇಳ್ದೋರು ಅಂದ್ರೆ ನೀವೊಬ್ರೇ, ಎರಡು ಮಾತಾಡ್ಬೇಕು. ಮತ್ತೆ ಆ ಫೋಟೋ ಕಳ್ಸಿ ಮಾರಾಯ್ರೆ. ನೆಟ್ಟಲ್ಲಿ ಸಿಗೋದು ಎಲ್ಲರ ಹತ್ರನೂ ಇರುತ್ತೆ."

ಇಲ್ಲ ಎನ್ನಲು ನಾನೇನು ಹುಚ್ಚನೇ? ಗಾಜು ಒರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ.

ಭಾನುವಾರ ಸೊರಬದಲ್ಲಿ ಬಸ್ ಇಳಿದು ಕಾರ್ಯಕ್ರಮದ ಛತ್ರಕ್ಕೆ ಹೋದರೆ ಬಾಗಿಲಲ್ಲೇ ಹತ್ತಡಿ ಎತ್ತರದ ಫ್ಲೆಕ್ಸ್. ಅಪ್ಪನನ್ನೂ ನನ್ನನ್ನೂ ಕತ್ತರಿಸಿ ತೆಗೆದಿದ್ದರು. ಗಾಯಕರ ಕೊರಳಿಗೆ ಕಂಪ್ಯೂಟರಿನ ಹಾರ, ಅಕ್ಕಪಕ್ಕ ಉರಿಯುವ ದೀಪ, ಕೆಳಗೆ "ಭಾವಪೂರ್ಣ ಶ್ರದ್ಧಾಂಜಲಿ, ಮತ್ತೆ ಹುಟ್ಟಿ ಬನ್ನಿ". ಅದರ ಎದುರು ಕೊಡೆ, ಕೈಚೀಲ ಹಿಡಿದ ಒಬ್ಬ ವಯಸ್ಸಾದವರು ನಿಂತು ನೋಡುತ್ತಿದ್ದರು. ಅವರ ಪಕ್ಕದಲ್ಲಿದ್ದ ಫ್ಲೆಕ್ಸ್ ಅಂಗಡಿಯವರ ಮುಖದಲ್ಲಿ ರಕ್ತವಿರಲಿಲ್ಲ.

"ಸಾಬ್ರೆ, ಒಂದು ಎಡವಟ್ಟಾಗಿದೆ" ಎಂದರು. "ಇವ್ರು ಕ್ಯಾಸನೂರು ಕಡೆಯೋರು. ಇವತ್ತು ಹಾಡಕ್ಕೆ ಕರ್ಸಿದೀವಿ. ಫೋಟೋದಲ್ಲಿರೋದು ತಾನೇ ಅಂತಾರೆ."

ವಯಸ್ಸಾದವರು ಫ್ಲೆಕ್ಸಿನಿಂದ ಕಣ್ಣು ತೆಗೆಯದೆ, "ಹಾಡಕ್ಕೆ ಕರ್ದಿದಾರೆ ಅಂತ ಮಾಡಿದ್ದೆ. ಹಾರ ಹಾಕಕ್ಕೆ ಅಂತ ಗೊತ್ತಿರ್ಲಿಲ್ಲ" ಎಂದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

ಸಿಟ್ಟು ಬಂದದ್ದು ನನಗೆ. ನನ್ನ ಅಂಗಡಿಯ ಗೋಡೆಯ ಮೇಲೆ ಮೂವತ್ತೈದು ವರ್ಷ ಇದ್ದ ಫೋಟೋ, ಯಾರೋ ದಾರಿಯಲ್ಲಿ ಹೋಗುವವರು ಬಂದು ತನ್ನದು ಅನ್ನುವುದೆಂದರೇನು? "ಅಲ್ರೀ, ಆವತ್ತು ಅಲ್ಲಿದ್ದೋನು ನಾನು. ನಮ್ಮಪ್ಪ ಇದ್ರು. ಕರೆಂಟ್ ಹೋಗಿತ್ತು…"

"ಅಂಚಿಗೆ ಬಂದು ಕೂತು ಹಾಡ್ದೆ" ಎಂದು ಅವರು ಮುಂದುವರಿಸಿದರು. "ಕೆಳಗೆ ಗಾದಿ ಹಾಸಿದ್ರು. ಹೊಸ ಹತ್ತಿ. ಅಷ್ಟು ಮೆತ್ತಗಿನ ಗಾದಿ ಆವಾಗ ನಮ್ಮನೇಲೂ ಇರ್ಲಿಲ್ಲ. ಹಾಡ್ತಾ ಹಾಡ್ತಾ ಅದ್ನೇ ಕೈಯಲ್ಲಿ ಸವರ್ತಿದ್ದೆ."

ಗಾದಿಯ ಸಂಗತಿಯನ್ನು ನಾನು ಯಾರಿಗೂ ಹೇಳಿದವನಲ್ಲ. ಗಾಯಕರ ದೊಡ್ಡಸ್ತಿಕೆ ಹೇಳುವ ಭರದಲ್ಲಿ ಗಾದಿ ಯಾರಿಗೆ ನೆನಪಾಗುತ್ತದೆ? ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಆ ಕಾಲದಲ್ಲಿ ದೊಡ್ಡ ಗಾಯಕರ ವೇಷ ಹಾಕಿ, ಅವರ ದನಿಯಲ್ಲೇ ಹಾಡುವ ಜೂನಿಯರ್‌ಗಳು ಊರೂರಿಗೆ ಇದ್ದರು. ಇವರು ಶಾಲೆಯೊಂದರಲ್ಲಿ ಜವಾನರಾಗಿದ್ದುಕೊಂಡು ರಜೆಯಲ್ಲಿ ಹಾಡಲು ಹೋಗುತ್ತಿದ್ದರಂತೆ. ಈಗ ರಿಟೈರ್ಡ್. ನಡುವೆ ಹತ್ತು ವರ್ಷ ಯಾರೂ ಕರೆದಿರಲಿಲ್ಲವಂತೆ. "ಪುಣ್ಯಾತ್ಮರು ಹೋದ್ಮೇಲೆ ಮತ್ತೆ ಕರೀತಿದಾರೆ" ಎಂದು ಹೇಳಿ, ಹಾಗೆ ಹೇಳಿದ್ದಕ್ಕೆ ತಾವೇ ನಾಚಿಕೊಂಡರು.

ಫ್ಲೆಕ್ಸ್ ಬದಲಿಸಲು ಹೊತ್ತಿರಲಿಲ್ಲ. ನಿಜವಾದ ಗಾಯಕರ ಮುಖವನ್ನು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದು ಮೇಲಿಂದ ಅಂಟಿಸಿದರು. ಮುಖ ಅವರದು, ಕೋಟು ಇವರದು, ಹಾರ ಇಬ್ಬರಿಗೂ ಸೇರಿದ್ದು. ಅದರ ಮುಂದೆಯೇ ದೀಪ ಹಚ್ಚಿದೆವು. ಕೈಮುಗಿದು ನಿಂತಾಗ ಯಾರಿಗೆ ಕೈಮುಗಿಯುತ್ತಿದ್ದೇನೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಕೋಟಿನ ಯಜಮಾನರೂ ಕೈಮುಗಿದುಕೊಂಡೇ ನಿಂತಿದ್ದರು.

ನನ್ನನ್ನು ಮಾತಿಗೆ ಕರೆದರು. ಆ ಗಾಯಕರನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದವರು ಎಂದು ಪರಿಚಯ ಬೇರೆ. ಮೈಕ್ ಮುಂದೆ ನಿಂತು, "ನಾನು ಅವ್ರನ್ನ ಕೇಳಿಲ್ಲ. ನಾನು ಕೇಳಿದ್ದು ಇವರನ್ನ" ಎಂದು ಮುಂದಿನ ಸಾಲಿಗೆ ಕೈ ತೋರಿಸಿದೆ. ಇಷ್ಟು ವರ್ಷದ ಸುಳ್ಳನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಜನ ಇದು ಜೂನಿಯರ್ ಗಾಯಕರನ್ನು ಹೊಗಳುವ ಒಂದು ಬಗೆ ಎಂದುಕೊಂಡು ಚಪ್ಪಾಳೆ ಹೊಡೆದರು. ಮತ್ತೆ ವಿವರಿಸಲು ಹೊರಟೆ. ಸಭೆಯಿಂದ ಒಂದು ಚೀಟಿ ಬಂತು: "ಮಾತು ಸಾಕು, ಹಾಡು ಶುರು ಮಾಡಿ."

ಅವರು ಹಾಡಿದರು. ಮೈಕಿನಲ್ಲಿ ತೀರಿಕೊಂಡವರ ದನಿಯೇ ಬರುತ್ತಿತ್ತು, ಕ್ಯಾಸೆಟ್ಟಿನ ಅದೇ ತೆಳ್ಳನೆ ದನಿ. ಮೂರನೇ ಹಾಡು ಮುಗಿಯುವಾಗ ನಾನೂ ಒಂದು ಚೀಟಿ ಬರೆದು ಕಳಿಸಿದೆ: "ಒಂದು ಮೈಕಿಲ್ಲದೆ." ಓದಿ, ಕನ್ನಡಕ ತೆಗೆದು ಮಡಚಿ, ನಾನಿದ್ದ ಕಡೆ ನೋಡಿದರು. ಮೈಕ್ ಕೆಳಗಿಟ್ಟು ಅಂಚಿಗೆ ಬಂದರು. ಮಂಡಿನೋವು, ಕೂರಲಾಗಲಿಲ್ಲ, ನಿಂತೇ ಹಾಡಿದರು. ಎರಡು ಕಡೆ ಉಸಿರು ಸಾಲದೆ ದನಿ ಒಡೆಯಿತು. ಆದರೂ ಅದೇ ಎದೆ, ಅದೇ ಒರಟು. ಮೈಕ್ ಬಿಟ್ಟ ಕೂಡಲೇ ಅವರು ಯಾರನ್ನೂ ಅನುಕರಿಸುತ್ತಿರಲಿಲ್ಲ. ಒಂದು ವರ್ಷದಿಂದ ಬಾರದೆ ನಿಂತಿದ್ದ ಅಳು ಆಗ ಬಂತು. ಅಳುವುದು ಸತ್ತವರಿಗಾಗಿ ತಾನೇ? ನಾನು ಬದುಕಿರುವ ಮನುಷ್ಯನ ಎದುರು ಕೂತು ಅಳುತ್ತಿದ್ದೆ.

ಆಮೇಲೆ ಚಹಾ ಕುಡಿಯುವಾಗ ನನ್ನ ಹಳೇ ಸಿಟ್ಟು ಸ್ವಲ್ಪ ಉಳಿದಿತ್ತು. ಕೇಳಿಯೇ ಬಿಟ್ಟೆ. "ನೀವಾದ್ರೂ ಆವತ್ತು ಹೇಳ್ಬೇಕಿತ್ತಲ್ರೀ, ನಾನು ಅವರಲ್ಲ ಅಂತ. ನಮ್ಮಪ್ಪ ಸಾಯೋ ತನಕ ನಂಬಿದ್ರು."

ಅವರು ಲೋಟ ಕೆಳಗಿಟ್ಟು ಮೊಬೈಲ್ ತೆಗೆದರು. ಮಗಳು ಫೋಟೋ ಹೊಡೆದಿಟ್ಟ ಹಳೇ ಪೋಸ್ಟರು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿದ್ದದ್ದೂ ಅದೇ ನಮೂನೆಯದು, ನನಗೆ ಬಣ್ಣ ಸಹಿತ ನೆನಪಿದೆ. ಗಾಯಕರ ಹೆಸರು ಮೊಳದುದ್ದದ ಅಕ್ಷರದಲ್ಲಿತ್ತು. ಅದರ ಮುಂದೆ, ಸ್ವಲ್ಪ ಮೇಲೆ, ಸಣ್ಣದಾಗಿ "ಜೂನಿಯರ್" ಎಂದಿತ್ತು.

"ಇದಿಲ್ದೆ ನಾನು ಒಂದು ಪೋಸ್ಟರೂ ಅಂಟ್ಸಕ್ಕೆ ಬಿಟ್ಟಿಲ್ಲ" ಎಂದರು. "ಸಮಿತಿಯೋರು ಬೇಡ ಅಂತಿದ್ರು, ಜಗಳ ಮಾಡಿ ಹಾಕಿಸ್ತಿದ್ದೆ. ಸಣ್ಣ ಅಕ್ಷರ ಹೌದು. ಆದ್ರೆ ಓದಕ್ಕೆ ಬರೋರಿಗೆ ಕಾಣ್ತಿತ್ತು."

ಓದಲು ಬರುತ್ತಿದ್ದವನು ನಾನು.

ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿನಲ್ಲಿ ವಾಪಸ್ ಬರುವಾಗಿನಿಂದ ಇವತ್ತಿನವರೆಗೆ ಆ ಗೋಡೆಯ ಮುಂದೆ ಎಷ್ಟು ಸಲ ನಿಂತಿದ್ದೇನೋ. ಒಂದು ಸಲ ಆ ಸಣ್ಣ ಅಕ್ಷರ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ ಎನಿಸುತ್ತದೆ. ಇನ್ನೊಂದು ಸಲ, ಬಿದ್ದಿತ್ತು, ಜೂನಿಯರ್ ಎಂದರೇನೆಂದು ಗೊತ್ತಿಲ್ಲದೆ ಬಿಟ್ಟೆ ಎನಿಸುತ್ತದೆ. ಮತ್ತೊಂದು ಸಲ ಅಪ್ಪನ ಮುಖ ಕಾಣುತ್ತದೆ. ಹೆಸರು ಕೇಳಿದ ಕೂಡಲೇ ಅರಳಿದ ಮುಖ. ಅದನ್ನು ನೋಡಿ ಬೇಕೆಂದೇ ಆ ಪದ ನುಂಗಿದೆನೋ ಏನೋ. ಮೂರರಲ್ಲಿ ಯಾವುದು ನಿಜ ಎಂದು ಹೇಳುವವರು ಯಾರೂ ಇಲ್ಲ. ಓದಿ ಹೇಳಿದ್ದರೆ ಅಪ್ಪ ಗಾದಿ ಹಾಸುತ್ತಿರಲಿಲ್ಲ, ಆ ಹಾಡೂ ನಮಗೆ ಸಿಗುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಅರ್ಧ ಸಮಾಧಾನವಾಗುತ್ತದೆ.

ಫೋಟೋವನ್ನು ಮತ್ತೆ ಅದೇ ಮೊಳೆಗೆ ಹಾಕಿದ್ದೇನೆ. ಯಾರಾದರೂ ಇವರು ಅವರಲ್ಲವಾ ಎಂದು ಕೇಳಿದರೆ ಒಂದೊಂದು ದಿನ ಹೌದು ಎನ್ನುತ್ತೇನೆ, ಒಂದೊಂದು ದಿನ ಅಲ್ಲ ಎನ್ನುತ್ತೇನೆ. ನನಗೆ ಗೊಂದಲವಿಲ್ಲದೆ ಗೊತ್ತಿರುವುದು ಒಂದೇ. ಇದಲ್ಲ, ಆವತ್ತಿಂದು ಹಾಕು ಎಂದು ಅಪ್ಪ ಕೇಳಿದ ದಿನ ಆ ದನಿ ನಮ್ಮ ಮನೆಯಿಂದ ಒಂದು ಬಸ್ಸಿನಷ್ಟು ದೂರದಲ್ಲಿತ್ತು. ಎಲ್ಲೂ ಸಿಗಲ್ಲಪ್ಪಾ ಎಂದು ಅವರಿಗೆ ಹೇಳಿದವನು ನಾನು.