ಬೂತಪ್ಪ ಫೈಬರ್ ಶೀಟಿಗೆ ತೇಪೆ ಹಾಕಿದ್ದು

ಶೆಟ್ಟಿಕೊಪ್ಪದಲ್ಲಿ ಬೂತಪ್ಪನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಹಗ್ಗದ ಮೇಲಿನ ಬನಿಯನ್ನುಗಳೆಲ್ಲ ತಿಳಿನೀಲಿಯಾಗಿದ್ದರೆ ಅದೇ ಮನೆ. ಮೀಸೆ ಮೂಡಿದಾಗಿನಿಂದ ಅವನು ಊರವರ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುತ್ತಾ ಬಂದವನು. ಡ್ರಮ್ಮಿನ ತುಂಬ ನೀಲಿ ಮೈಲುತುತ್ತ, ಸುಣ್ಣ ಕಲೆಸುವುದು, ಚಾಕು ಅದ್ದಿ ನೋಡುವುದು, ಚಾಕು ಕೆಂಪಾದರೆ ಇನ್ನಷ್ಟು ಸುಣ್ಣ ಸುರಿಯುವುದು, ಇದು ಅವನ ವಿದ್ಯೆ. ಹೆಚ್ಚಾದರೆ ನಷ್ಟವಿಲ್ಲ ಎನ್ನುವುದು ಅವನ ವೇದಾಂತ. ನಾನು ಪಕ್ಕದ ಮನೆಯವನು, ಚಿಕ್ಕಂದಿನ ಸ್ನೇಹಿತ. ಅವನನ್ನು ಹೊಗಳುವ ಗ್ರಹಚಾರ ನನಗಿಲ್ಲ, ಆದರೆ ನಗದೆ ಇರಲಿಕ್ಕೂ ಆಗುವುದಿಲ್ಲ.

ಅವನ ಹೆಂಡತಿ ತುಂಗಮ್ಮನ ಅಡುಗೆಮನೆಯಲ್ಲಿ ಹಗಲಿಗೂ ಕತ್ತಲೆಯಿತ್ತು. ಕಳೆದ ವರ್ಷ ಅವಳು ತೋಟದ ಕೂಲಿಯಲ್ಲಿ ಉಳಿಸಿ, ಬೆಳಕು ಬರುವ ಒಂದು ಫೈಬರ್ ಶೀಟು ತಂದು ಹೆಂಚಿನ ನಡುವೆ ಹಾಕಿಸಿದಳು. ಅಕ್ಕಿಯ ಕಲ್ಲು ಈಗ ಹಲ್ಲಿಗೆ ಸಿಗುವ ಮೊದಲೇ ಕಣ್ಣಿಗೆ ಸಿಗುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದಳು. ಈ ಸಲ ಮೇ ತಿಂಗಳ ಕೊನೆಗೆ ಬೂತಪ್ಪ ಮಾಡಿನ ಮೇಲೆ ಬಾಗಿದ ಮರ ಹತ್ತಿ, ಹಗ್ಗ ಕಟ್ಟದೆಯೇ ಒಂದು ಹಲಸಿನಕಾಯಿಯ ತೊಟ್ಟು ಕೊಯ್ದ. ಕಾಯಿ ಶೀಟು ತೂರಿಕೊಂಡು ನೇರ ಒಲೆಯ ಬುಡಕ್ಕೇ ಬಂತು. ತುಂಗಮ್ಮ ಅದನ್ನೇ ಹೆಚ್ಚಿ ಹುಳಿ ಮಾಡಿದಳು.

ಮಳೆ ಇನ್ನೇನು ಬಂತು ಎನ್ನುವ ಹಾಗಿತ್ತು. ತಗಡು ಮುಚ್ಚಿದರಾಯಿತು ಎಂದು ಬೂತಪ್ಪ ಬಾಯಿ ತೆಗೆದ.

"ತಗಡು ಹಾಕಿದ್ರೆ ಒಲೆ ಹಚ್ಚೂದೂ ನೀವೇ," ಎಂದಳು ತುಂಗಮ್ಮ.

ಮರುದಿನವೇ ಅವನು ಕೊಪ್ಪ ಪೇಟೆಯ ಬಸ್ಸು ಹತ್ತಿ ಒಂದು ಡಬ್ಬಿ ರೆಸಿನ್ ಎಂಬ ಅಂಟು, ಅದನ್ನು ಗಟ್ಟಿ ಮಾಡುವ ದ್ರವದ ಪುಟ್ಟ ಬಾಟಲಿ, ತೇಪೆಗೆ ಗಾಜಿನ ಎಳೆಯ ಬಟ್ಟೆ ಎಲ್ಲ ತಂದ. ಸ್ವಲ್ಪ ಸ್ವಲ್ಪವೇ ಕಲೆಸು, ಬಾಟಲಿಯದ್ದು ಹನಿ ಲೆಕ್ಕದಲ್ಲಿ ಹಾಕು ಎಂದು ಅಂಗಡಿಯವನು ಎರಡೆರಡು ಸಲ ಹೇಳಿದ್ದನಂತೆ. ಹೇಳಿದ್ದು ಯಾರಿಗೆ! ಬೂತಪ್ಪ ಶೀಟು ಕೆಳಗಿಳಿಸಿ, ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಬಕೆಟ್ಟಿಗೆ ಹಿಡಿಯುವಷ್ಟೂ ರೆಸಿನ್ ಸುರಿದ. ಬಾಟಲಿಯನ್ನು ಬಗ್ಗಿಸಿದ. ಗಾಜಿನ ಬಟ್ಟೆಯನ್ನೆಲ್ಲ ಅದರಲ್ಲೇ ನೆನೆಹಾಕಿ, ಕೋಲಿನಿಂದ ತಿರುವಿ, ಔಷಧಿ ಕಲೆಸಿದ ಮೇಲಿನ ಪದ್ಧತಿಯಂತೆ ಕಾಫಿಗೆ ಕೂತ.

ಕಾಫಿ ಮುಗಿಯುವ ಮೊದಲೇ ಬಕೆಟ್ಟಿನಿಂದ ಹೊಗೆ ಎದ್ದಿತು. ಓಡಿಹೋಗಿ ಕೋಲು ಎತ್ತಿದರೆ ಕೋಲಿನ ಜೊತೆ ಬಕೆಟ್ಟೂ ಮೇಲೆ ಬಂತು. ಬೂತಪ್ಪ ಗದೆ ಹಿಡಿದ ಭೀಮನ ಹಾಗೆ ಅಂಗಳದಲ್ಲಿ ನಿಂತ. ಎಲ್ಲಿ ಇಳಿಸಬೇಕೆಂದೇ ಅವನಿಗೆ ತೋಚಲಿಲ್ಲ. ನಾನು ಜಗಲಿಯ ಕಂಬ ಹಿಡಿದು ನಕ್ಕೆ. ಮೂರು ದಿನದಿಂದ ಮುಖ ಊದಿಸಿಕೊಂಡಿದ್ದ ತುಂಗಮ್ಮ ನಕ್ಕು ನಕ್ಕು ನೆಲಕ್ಕೇ ಕೂತಳು. ಕೊನೆಗೆ ಬೂತಪ್ಪನಿಗೂ ತಡೆಯಲಾಗಲಿಲ್ಲ.

ಆದರೆ ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಿತ್ತು. ಕೊಪ್ಪಕ್ಕೆ ಹೋಗಿಬರುವಷ್ಟು ಹೊತ್ತಿರಲಿಲ್ಲ. ಡಬ್ಬಿಯ ತಳದಲ್ಲಿ ಎರಡು ಲೋಟದಷ್ಟು ರೆಸಿನ್, ಬಾಟಲಿಯಲ್ಲಿ ಒಂದಿಷ್ಟು ಹನಿ ಉಳಿದಿತ್ತು. ಗಾಜಿನ ಬಟ್ಟೆ ಒಂದು ಚೂರೂ ಇರಲಿಲ್ಲ. ತುಂಗಮ್ಮ ಕಣ್ಣೊರೆಸಿಕೊಂಡು ಎದ್ದು ಗಂಡನ ಕೈಯಿಂದ ಬಾಟಲಿ ಕಿತ್ತುಕೊಂಡಳು.

"ಇದು ಔಷಧಿ ಅಲ್ಲ ಮಾರಾಯ್ರೆ, ಹೆಪ್ಪು. ಹಾಲಿಗೆ ಯಾರಾದ್ರೂ ತಂಬಿಗೆಯಲ್ಲಿ ಹೆಪ್ಪು ಹಾಕ್ತಾರಾ?"

ಅರ್ಧ ಲೋಟ ರೆಸಿನ್ನಿಗೆ ನಾಲ್ಕೇ ಹನಿ ಬಿಟ್ಟಳು. ಒಳಗೆ ಹೋಗಿ ತನ್ನ ಹಳೆಯ ಹತ್ತಿ ಸೀರೆಯೊಂದನ್ನು ಪರಪರ ಹರಿದು ತಂದಳು. ಕೆಂಪು ಹೂವಿನ ಸೀರೆ ಅದು. ಬೂತಪ್ಪ ತೂತಿನ ಕೆಳಗಿನಿಂದ ಪ್ಲಾಸ್ಟಿಕ್ ಸುತ್ತಿದ ಹಲಗೆ ಆನಿಸಿ, ಒಂದೊಂದೇ ತುಂಡು ರೆಸಿನ್ನಿನಲ್ಲಿ ಅದ್ದಿ ಹಾಸಿ, ಬ್ರಶ್ಶಿನಿಂದ ಒತ್ತಿ ಗಾಳಿ ತೆಗೆದ. ಮತ್ತೆ ಅರ್ಧ ಲೋಟ, ಮತ್ತೆ ನಾಲ್ಕು ಹನಿ. ಅವಳು ಹೇಳಿದಷ್ಟೇ ಮಾಡಿದ. ನಲವತ್ತು ವರ್ಷದಲ್ಲಿ ನಾನು ಹಾಗೆ ಕಂಡದ್ದು ಅದೇ ಮೊದಲು.

ಶೀಟು ಮೇಲೆ ಕೂತ ಸಂಜೆಯೇ ಮಳೆ ಹೊಡೆಯಿತು. ಮೂವರೂ ಅಡುಗೆಮನೆಯಲ್ಲಿ ತಲೆಯೆತ್ತಿ ನಿಂತೆವು. ಒಂದು ಹನಿಯೂ ಇಳಿಯಲಿಲ್ಲ. ಬೆಳಿಗ್ಗೆ ಬಿಸಿಲು ಬಂದಾಗ ತುಂಗಮ್ಮ ಕೂಗಿ ಕರೆದಳು. ತೇಪೆ ತೂರಿ ಬಂದ ಬಿಸಿಲಿನಲ್ಲಿ ಒಲೆಯ ಮುಂದಿನ ನೆಲದ ಮೇಲೆ ಸೀರೆಯ ಬಣ್ಣ ತೆಳ್ಳಗೆ ಕೆಂಪಾಗಿ ಹರಡಿತ್ತು. ಅವಳು ಅದರ ಮೇಲೆ ಕಾಲಿಡದೆ ಸುತ್ತಿ ಓಡಾಡುತ್ತಿದ್ದಳು. ಬೂತಪ್ಪ ಬೈಗುಳ ಬರಬಹುದೆಂದು ಬಾಗಿಲಲ್ಲೇ ನಿಂತಿದ್ದ.

"ಬಚ್ಚಲಿಗೂ ಒಂದು ಶೀಟು ತನ್ನಿ," ಎಂದಳು ಅವಳು. "ಮೊದ್ಲೇ ತೂತು ಮಾಡಿ ತನ್ನಿ. ನನ್ನ ಹತ್ರ ಹಸಿರು ಸೀರೆ ಒಂದಿದೆ."